ಸಿನಿಮ್ಯಾಟಿಕ್ ಆಗಿರ್ಬೇಕು ಸಾರ್

ಪದವಿ ಕಾಲೇಜಿನ ಐದು ಮಕ್ಕಳ ಕೈಗೆ ಒಂದು ಕ್ಯಾಮೆರಾ ಕೊಟ್ಟು ನೋಡಿ. ಅದು ಚೀಲದಿಂದ ಹೊರಗೆ ಬರುವಷ್ಟರಲ್ಲಿ ಅವರಲ್ಲೊಬ್ಬ ಡೈರೆಕ್ಟರ್ ಆಗಿಬಿಟ್ಟಿರುತ್ತಾನೆ. ಯಾರೂ ಆರಿಸಿರುವುದಿಲ್ಲ, ಕೇಳಿರುವುದೂ ಇಲ್ಲ. ಅವಿರೋಧ ಆಯ್ಕೆ. ಉಳಿದವರಲ್ಲಿ ಒಬ್ಬ ಕ್ಯಾಮೆರಾ ಹಿಡಿಯುತ್ತಾನೆ, ಮನೆಯಲ್ಲಿ ಒಳ್ಳೆಯ ಕಂಪ್ಯೂಟರ್ ಇರುವವನು ಎಡಿಟರ್ ಆಗುತ್ತಾನೆ, ಬೈಕ್ ಇರುವವನು ಪ್ರೊಡಕ್ಷನ್ ಮ್ಯಾನೇಜರ್. ಕೊನೆಗೆ ಒಬ್ಬಳು ಹುಡುಗಿ ಉಳಿಯುತ್ತಾಳೆ. ಅವಳ ಕೈಗೆ ಮೈಕಿನ ಡಬ್ಬಿ ಕೊಟ್ಟು “ಸೌಂಡ್ ನೀನು ನೋಡ್ಕೋಮ್ಮ” ಎಂದುಬಿಡುತ್ತಾರೆ.

ಮಾಧ್ಯಮ ವಿಭಾಗದ ಅತಿಥಿ ಉಪನ್ಯಾಸಕನಾಗಿ ಈ ಡೈರೆಕ್ಟರನ್ನು ನಾನು ಪ್ರತಿ ಬ್ಯಾಚಿನಲ್ಲೂ ನೋಡುತ್ತ ಬಂದಿದ್ದೇನೆ. ಮುಖ ಬದಲಾಗುತ್ತದೆ, ಟೋಪಿ ಬದಲಾಗುವುದಿಲ್ಲ. ಟೋಪಿ ಹಿಂದುಮುಂದಾಗಿರಬೇಕು. ಹೆಡ್‌ಫೋನ್ ಕತ್ತಿನಲ್ಲಿ ನೇತಾಡುತ್ತಿರಬೇಕು, ಕಿವಿಗೆ ಏರಕೂಡದು. ಎರಡೂ ಕೈಗಳ ಹೆಬ್ಬೆರಳು ತೋರುಬೆರಳು ಜೋಡಿಸಿ ಚೌಕಟ್ಟು ಮಾಡಿ ಅದರೊಳಗಿಂದಲೇ ಲೋಕ ನೋಡುವುದು ಅಭ್ಯಾಸ. ಕ್ಯಾಂಟೀನಿನಲ್ಲಿ ಇಡ್ಲಿ ಬಂದರೂ ಮೊದಲು ಚೌಕಟ್ಟು, ಆಮೇಲೆ ಚಟ್ನಿ. “ಕಥೆ ಏನಪ್ಪಾ?” ಎಂದು ಕೇಳಿದರೆ “ಫೀಲ್ ಇದೆ ಸಾರ್” ಎನ್ನುತ್ತಾನೆ. “ಯಾರಿಗೋಸ್ಕರ ಮಾಡ್ತಿದ್ದೀಯ?” ಎಂದರೆ ಒಂದು ಗಳಿಗೆ ದಿಗಂತ ನೋಡಿ “ಸಿನಿಮ್ಯಾಟಿಕ್ ಆಗಿರ್ಬೇಕು ಸಾರ್” ಎನ್ನುತ್ತಾನೆ.

ಐದನೇ ಸೆಮಿಸ್ಟರ್‌ವರೆಗೆ ಇವನ ದಾರಿಗೆ ಅಡ್ಡ ಬರುವವರಿಲ್ಲ. ಕಿರುಚಿತ್ರ ಮಾಡುತ್ತಾನೆ. ಅಲಾರಾಂ ಹೊಡೆಯುತ್ತದೆ, ನಾಯಕ ಏಳುತ್ತಾನೆ, ಕನ್ನಡಿ ನೋಡಿಕೊಳ್ಳುತ್ತಾನೆ, ಕೆರೆ ಏರಿಯ ಮೇಲೆ ನಡೆಯುತ್ತಾನೆ, ಪಿಯಾನೊ ಬಾರಿಸುತ್ತದೆ, ಎಲ್ಲ ಕನಸು. ನೋಡುವವರು ಗೆಳೆಯರು, ಚಪ್ಪಾಳೆ ಹೊಡೆಯುವವರೂ ಅವರೇ. ಆರನೇ ಸೆಮಿಸ್ಟರ್‌ನಲ್ಲಿ ಅಡ್ವಾನ್ಸ್‌ಡ್ ವಿಡಿಯೊ ಪ್ರೊಡಕ್ಷನ್ ಎಂಬ ಪೇಪರ್ ಬರುತ್ತದೆ. ಅದರಲ್ಲಿ ತಂಡ ಕಟ್ಟಿಕೊಂಡು ನಿಜವಾದ ಕ್ಲೈಂಟಿಗೆ ನಿಜವಾದ ವಿಡಿಯೊ ಮಾಡಿಕೊಡಬೇಕು. ಕನಸು ಎಂದರೆ ನಂಬದವನೇ ಕ್ಲೈಂಟ್.

ಈ ಸಲ ಸಿಕ್ಕ ಕ್ಲೈಂಟ್ ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘ. ಸುವರ್ಣ ಮಹೋತ್ಸವ. ವಾರ್ಷಿಕ ಮಹಾಸಭೆಯಲ್ಲಿ ತೋರಿಸಲು ಮೂರು ನಿಮಿಷದ ವಿಡಿಯೊ ಬೇಕು. ಮೊದಲ ಮೀಟಿಂಗಿಗೆ ಹೋದಾಗ ಕಾರ್ಯದರ್ಶಿಯವರು ಟೀ ತರಿಸಿ, “ಇದರಲ್ಲಿ ಡೈರೆಕ್ಟರ್ ಯಾರು?” ಎಂದು ಕೇಳಿದರು. ನಮ್ಮ ಹುಡುಗ ಟೋಪಿ ಸರಿಮಾಡಿಕೊಂಡು ಕೈ ಎತ್ತಿದ. ಅವನ ಜೊತೆಗೆ ಬೆಂಚಿನ ಮೇಲೆ ಕೂತಿದ್ದ ಹದಿಮೂರು ಜನವೂ ಕೈ ಎತ್ತಿದರು. ಅವರೆಲ್ಲ ಸಂಘದ ಆಡಳಿತ ಮಂಡಳಿಯ ಡೈರೆಕ್ಟರ್‌ಗಳು. ಟೀ ತಂದವನಿಗೆ ಲೆಕ್ಕ ತಪ್ಪಿ ಒಂದು ಲೋಟ ಕಡಿಮೆ ಬಿತ್ತು. ಕಡಿಮೆ ಬಿದ್ದದ್ದು ನಮ್ಮವನಿಗೇ.

ಅವನು ಎದೆಗುಂದಲಿಲ್ಲ. ಲ್ಯಾಪ್‌ಟಾಪ್ ತೆರೆದು ‘ಮಂಥನ್’ ಸಿನಿಮಾದ ಕಥೆ ಶುರುಮಾಡಿದ. 1976ರ ಚಿತ್ರ, ಶ್ಯಾಮ್ ಬೆನೆಗಲ್ ನಿರ್ದೇಶನ, ಹಾಲಿನ ಸಹಕಾರ ಸಂಘದ್ದೇ ಕಥೆ, ಹಳ್ಳಿಗೆ ಬರುವ ಡಾಕ್ಟರ್ ನಮ್ಮ ಗಿರೀಶ್ ಕಾರ್ನಾಡ್. ಗುಜರಾತಿನ 5 ಲಕ್ಷ ರೈತರು ತಲಾ 2 ರೂಪಾಯಿ ಹಾಕಿ ಆ ಚಿತ್ರಕ್ಕೆ ಬಂಡವಾಳ ಹೂಡಿದ್ದರು. ಎಲ್ಲ ನಿಜವೇ. ಆದರೆ ಯಾರ ಎದುರು ಯಾವ ಲೆಕ್ಕ ಹೇಳಬೇಕೆಂಬ ಪಾಠ ಪುಸ್ತಕದಲ್ಲಿರುವುದಿಲ್ಲ. ಅಧ್ಯಕ್ಷರು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಗುಣಿಸಿ, “ಬಾಳ ಚೆನ್ನಾಗದೆ ಕಣಪ್ಪಾ. ನಮ್ಮ ಸದಸ್ಯರು ಇನ್ನೂರು. ಎರಡೆರಡು ರೂಪಾಯಿ ಅಂದ್ರೆ ನಾನೂರು ಆಯ್ತದೆ. ಅದ್ರಲ್ಲೇ ಮಾಡ್ಕೊಡು” ಎಂದರು.

ಚೌಕಾಸಿ ಮಾಡಿ ಬಸ್ ಚಾರ್ಜು, ಊಟ, ಒಂದು ಹಾರ್ಡ್‌ಡಿಸ್ಕಿನ ಖರ್ಚು ಎಂದು ಒಪ್ಪಿಸಿದವಳು ಆ ಸೌಂಡ್ ಹುಡುಗಿ. ಅವಳೇ ಒಂದು ನೋಟ್‌ಬುಕ್ಕಿನಲ್ಲಿ ಏನೇನು ಬೇಕು ಎಂದು ಬರೆದುಕೊಂಡಳು. ಸ್ಥಾಪಕ ಅಧ್ಯಕ್ಷರ ಫೋಟೊ, ಹಾರ ಹಾಕಿದ್ದು. ಹಾಲು ತಂಪು ಮಾಡುವ ಹೊಸ ಬಿಎಂಸಿ ಯಂತ್ರ. ಬೋನಸ್ ಹಂಚಿದ್ದು. ಹದಿಮೂರು ಡೈರೆಕ್ಟರ್‌ಗಳು, ಒಬ್ಬರೂ ಬಿಟ್ಟುಹೋಗಕೂಡದು. ನಮ್ಮವನು ಆ ಪಟ್ಟಿಯ ಕಡೆ ತಿರುಗಿಯೂ ನೋಡದೆ ಕಿಟಕಿಗೆ ಬೆರಳಿನ ಚೌಕಟ್ಟು ಹಿಡಿದುಕೊಂಡಿದ್ದ.

ಬೆಳಗಿನ ಹಾಲು ಆರು ಗಂಟೆಗೆ ಬರಲು ಶುರು. ಸೂರ್ಯೋದಯದ ಹೊಂಬೆಳಕಿನಲ್ಲಿ ಕ್ಯಾನು ಹೊತ್ತ ಹೆಂಗಸರ ಸಾಲು, ಇದೇ ಮೊದಲ ಶಾಟ್ ಎಂದು ರಾತ್ರಿ ಎಲ್ಲರಿಗೂ ಮೆಸೇಜು ಹಾಕಿದವನು ತಾನು ಬಂದದ್ದು ಎಂಟಕ್ಕೆ. ಕ್ಯಾನು ತೊಳೆದು ಬೋರಲು ಹಾಕಿದ್ದರು. “ಹೊಂಬೆಳಕು ಸಂಜೆನೂ ಬರುತ್ತೆ ಸಾರ್” ಎಂದ. ಅದೂ ನಿಜವೇ. ಅವನು ಹೇಳುವುದೆಲ್ಲ ನಿಜವೇ ಆಗಿರುತ್ತದೆ, ಅದೇ ತೊಂದರೆ.

ಆಫೀಸಿನೊಳಗೆ ತೆಗೆದ ಶಾಟ್‌ಗಳಲ್ಲಿ ಗೋಡೆಯ ಮೇಲೆ ಕಪ್ಪು ಪಟ್ಟೆಗಳು ಮೇಲಿಂದ ಕೆಳಕ್ಕೆ ಹರಿಯತೊಡಗಿದವು. ಪರದೆ ನೋಡಿದ ಕಾರ್ಯದರ್ಶಿ “ವೋಲ್ಟೇಜ್ ಇಲ್ಲ ಅನ್ಸುತ್ತೆ” ಎಂದು ಲೈನ್‌ಮ್ಯಾನಿಗೆ ಫೋನು ಮಾಡಲು ಹೊರಟರು. ತೊಂದರೆ ಇದ್ದದ್ದು ಶಟರ್‌ನಲ್ಲಿ. ನಮ್ಮವನ ಯೂಟ್ಯೂಬ್ ಗುರುಗಳು ಅಮೆರಿಕದವರು, ಅಲ್ಲಿ ಕರೆಂಟು 60 ಹರ್ಟ್ಸ್, ಶಟರ್ 1/60 ಇಡು ಎಂದಿದ್ದರು. ನಮ್ಮ ಕರೆಂಟು 50 ಹರ್ಟ್ಸ್. ಚೋಕ್ ಇರುವ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತದೆ. ಅದಕ್ಕೆ ಹೊಂದುವುದು 1/50. ಕ್ಯಾಮೆರಾ ಹುಡುಗ ಬಾಯಿಬಿಡದೆ ಗುಂಡಿ ಒತ್ತಿದ, ಪಟ್ಟೆ ಹೋಯಿತು. “ನಾನೂ ಅದನ್ನೇ ಹೇಳೋಣ ಅಂತಿದ್ದೆ” ಎಂದ ಡೈರೆಕ್ಟರ್.

ಇಂಥ ಕ್ಯಾಮೆರಾದಲ್ಲಿ ಏನೂ ಆಗುವುದಿಲ್ಲ, ದೊಡ್ಡ ಲೈಟು ಬೇಕು ಎಂದು ಅವನು ಮುನಿಸಿಕೊಂಡಾಗ ನಾನು ಛಾಯಾಗ್ರಾಹಕ ವಿ.ಕೆ. ಮೂರ್ತಿಯವರ ವಿಷಯ ತೆಗೆದೆ. ಮೈಸೂರಿನವರು, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತವರು. ಗುರುದತ್ ನಿರ್ದೇಶನದ 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಆ ಹೆಸರಾಂತ ಬೆಳಕಿನ ಕೋಲನ್ನು ಹೊರಗಿನ ಬಿಸಿಲಿಗೆ ಕನ್ನಡಿ ಹಿಡಿದು ಸ್ಟುಡಿಯೊದೊಳಗೆ ತಂದವರು. ಹುಡುಗ ಶ್ರದ್ಧೆಯಿಂದ ಕೇಳಿ, “ಅವ್ರಿಗೆ ಗುರುದತ್ ಇದ್ರಲ್ಲ ಸಾರ್” ಎಂದ. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅಷ್ಟರಲ್ಲಿ ಕ್ಯಾಮೆರಾ ಹುಡುಗ ಯಾರದೋ ಮನೆಯ ಫ್ರಿಜ್ ಬಂದಿದ್ದ ಪೆಟ್ಟಿಗೆಯ ಥರ್ಮಾಕೋಲ್ ತಂದು ಕೊಟ್ಟಿಗೆಯ ಬಾಗಿಲಲ್ಲಿ ಬಿಸಿಲಿಗೆ ಹಿಡಿದಿದ್ದ.

ಕೊಟ್ಟಿಗೆಯ ಕಥೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಹಸುವಿನ ಹೆಸರು ಗೌರಿ. ಡೈರೆಕ್ಟರ್ ಥರ್ಮಾಕೋಲ್ ಸಾಲದೆಂದು ಎರಡು ಎಲ್‌ಇಡಿ ಪ್ಯಾನೆಲ್ ಹಚ್ಚಿಸಿ, ಗಿಂಬಲ್ ಹಿಡಿದವನನ್ನು ಅದರ ಸುತ್ತ ಪ್ರದಕ್ಷಿಣೆ ಹಾಕಿಸಿದ. ಗೌರಿ ಹಾಲು ಬಿಡಲೇ ಇಲ್ಲ. ಹೆದರಿದ ಹಸು ಹಾಲು ಹಿಡಿದುಕೊಳ್ಳುತ್ತದೆ, ಅದರ ಮೈಯ ವ್ಯವಸ್ಥೆಯೇ ಹಾಗೆ. “ಆ ದೀಪ ಆರ್ಸಪ್ಪಾ, ಅದ್ರ ಮೈ ಸವರಿ ಸಮಾಧಾನ ಮಾಡ್ತೀನಿ” ಎಂದು ಮನೆಯಾಕೆ ಬಹಳ ಹೊತ್ತು ಸಮಾಧಾನ ಮಾಡಿದ ಮೇಲೆ ಪಾತ್ರೆಯಲ್ಲಿ ಸೊರ್ ಸೊರ್ ಎಂದು ಸದ್ದಾಯಿತು. ಪಾತ್ರೆ ತುಂಬಿತು. ಡೈರೆಕ್ಟರ್ ಎರಡು ಬೆರಳು ಎತ್ತಿ, “ಸೂಪರ್ ಅಕ್ಕಾ! ಇನ್ನೊಂದು ಟೇಕ್!” ಎಂದ. ಆಕೆ ಪಾತ್ರೆ ಎತ್ತಿಕೊಂಡು, “ಇನ್ನೊಂದು ಟೇಕು ಸಂಜೆ ಐದಕ್ಕೆ ಬತ್ತದೆ, ಬಾರಪ್ಪ” ಎಂದು ಒಳಗೆ ಹೋದಳು.

ಸಂದರ್ಶನದ ಹೊತ್ತಿಗೆ ಕಾರ್ಡು ತುಂಬಿತ್ತು. ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ 4ಕೆ ತೆಗೆದರೆ ಗಂಟೆಗೆ 45 ಜಿಬಿ ಬೇಕು. ನಮ್ಮವನು 64 ಜಿಬಿ ಕಾರ್ಡಿನ ಬಹುಪಾಲನ್ನು ಗಾಳಿಗೆ ತೂಗುವ ಜೋಳದ ಮೇವಿಗೆ ಮೀಸಲಿಟ್ಟಿದ್ದ. ಪ್ರೊಡಕ್ಷನ್ ಮ್ಯಾನೇಜರನ ಬೈಕು ಪೇಟೆಗೆ ಓಡಿತು.

ಆ ಬಿಡುವಿನಲ್ಲಿ ಸೌಂಡ್ ಹುಡುಗಿ ಆಫೀಸಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು. ಬಿಎಂಸಿ ಯಂತ್ರದ ಗುಂಯ್ ಸದ್ದು ಅಧ್ಯಕ್ಷರ ದನಿಗಿಂತ ಜೋರಾಗಿತ್ತು. ಒಂದಷ್ಟು ಹೊತ್ತು ಆರಿಸಿ ಎಂದರೆ ಕಾರ್ಯದರ್ಶಿ ಒಪ್ಪಲಿಲ್ಲ, ಹಾಲು 4 ಡಿಗ್ರಿಗೆ ಇಳಿಯಬೇಕಲ್ಲ. ಅಧ್ಯಕ್ಷರು ಗಂಜಿ ಹಾಕಿ ಇಸ್ತ್ರಿ ಮಾಡಿದ ಖಾದಿ ಅಂಗಿ ಹಾಕಿದ್ದರು, ಕಾಲರ್ ಮೈಕು ಅದಕ್ಕೆ ತಗುಲಿ ಪ್ರತಿ ಉಸಿರಿಗೂ ಪರಪರ ಎನ್ನುತ್ತಿತ್ತು. ಅವಳು ಅವರನ್ನು ಪಕ್ಕದ ಶಾಲೆಯ ಜಗಲಿಗೆ ಕರೆದುಕೊಂಡು ಹೋಗಿ, ಮೈಕಿನ ಹಿಂದೆ ಒಂದು ತುಂಡು ಪ್ಲಾಸ್ಟರ್ ಅಂಟಿಸಿ ಕೂರಿಸಿದಳು. ಬ್ಯಾಕ್‌ಗ್ರೌಂಡ್‌ನಲ್ಲಿ ಡೆಪ್ತ್ ಇಲ್ಲವೆಂದು ಡೈರೆಕ್ಟರ್ ಗೊಣಗಿದ.

ಮಾತು ಮುಗಿದ ಮೇಲೆ ಅವಳು, “ಎಲ್ಲರೂ ಒಂದು ನಿಮಿಷ ಮೌನವಾಗಿರಿ” ಎಂದಳು. ಎಡಿಟಿಂಗಿನಲ್ಲಿ ಮಾತಿನ ನಡುವಿನ ಸಂದು ಮುಚ್ಚಲು ಆ ಜಾಗದ ಬರಿಯ ಸದ್ದು ಬೇಕಾಗುತ್ತದೆ, ಅದನ್ನು ಹಿಡಿಯಲು. ಹೇಳಿದ್ದೇ ತಡ, ಹದಿಮೂರು ಡೈರೆಕ್ಟರ್‌ಗಳೂ ಎದ್ದು ನಿಂತು ಟವೆಲ್ ಹೆಗಲಿನಿಂದ ಇಳಿಸಿ ತಲೆ ತಗ್ಗಿಸಿದರು. ಅರ್ಧ ನಿಮಿಷ ಚೆನ್ನಾಗಿಯೇ ನಡೆಯಿತು. ಆಮೇಲೆ ಹಿಂದಿನ ಸಾಲಿನಿಂದ ಮೆಲ್ಲಗೆ, “ಯಾರ್ ಹೋಗಿದ್ದು?” ಎಂಬ ದನಿ. “ಗೊತ್ತಿಲ್ಲ, ಸುಮ್ನಿರು” ಎಂದು ಇನ್ನೊಂದು ದನಿ. ಎರಡನೇ ಸಲ ತೆಗೆಯಬೇಕಾಯಿತು. ಆಗ ಕೆಡಿಸಿದವನು ಡೈರೆಕ್ಟರ್. ಒಂದು ನಿಮಿಷ ಬಾಯಿ ಮುಚ್ಚಿರುವುದು ಅವನ ಕೈಲಾಗಲಿಲ್ಲ.

ಹದಿಮೂರು ಜನರನ್ನು ಮೂರು ನಿಮಿಷದೊಳಗೆ ಹಿಡಿಸುವುದು ಹೇಗೆ? ಡೈರೆಕ್ಟರ್ ಇದು ಕಲೆಗೆ ಮಾಡುವ ಅವಮಾನ ಎಂದ. ಸೌಂಡ್ ಹುಡುಗಿ ಕಾರ್ಯದರ್ಶಿಯವರನ್ನು ಕೇಳಿದಳು, ಇವರೆಲ್ಲ ದಿನಾ ಏನು ಮಾಡುತ್ತಾರೆ? ಏನು ಮಾಡುತ್ತಾರೆ, ಹಾಲು ಹಾಕುತ್ತಾರೆ! ಸಂಜೆಯ ಸಾಲಿನಲ್ಲಿ ಹದಿಮೂರು ಜನವೂ ತಂತಮ್ಮ ಕ್ಯಾನು ಹಿಡಿದು ಬಂದು ಅಳತೆ ಕೊಟ್ಟು ಚೀಟಿ ಪಡೆಯುವುದನ್ನು ಕ್ಯಾಮೆರಾ ಒಂದೇ ಜಾಗದಲ್ಲಿ ನಿಂತು ನೋಡಿತು. ತಲೆಗೆ ಎರಡು ಸೆಕೆಂಡು. ಇಡೀ ವಿಡಿಯೊದ ಒಳ್ಳೆಯ ಭಾಗ ಅದೇ ಆಯಿತು. ಅಲ್ಲಿದ್ದ ಡೈರೆಕ್ಟರ್‌ಗಳಲ್ಲಿ ಹಾಲು ಹಾಕದೆ ಡೈರೆಕ್ಟರ್ ಆಗಿದ್ದವನು ನಮ್ಮವನೊಬ್ಬನೇ.

ಇನ್ನು ಬಣ್ಣ. ಅವನು ಎಲ್ಲವನ್ನೂ ಲಾಗ್‌ನಲ್ಲಿ ಶೂಟ್ ಮಾಡಿಸಿದ್ದ. ಹಾಗೆ ತೆಗೆದರೆ ಬಿಳಿ, ಕಪ್ಪು ಎರಡರ ವಿವರವೂ ಉಳಿಯುತ್ತದೆ, ಆದರೆ ಬಣ್ಣ ಹಾಕುವವರೆಗೆ ಎಲ್ಲ ಬೂದು. ಅವಸರಕ್ಕೆ ಅದನ್ನೇ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ. “ಮಂಜು ಬಿದ್ದಂಗದಲ್ಲಪ್ಪಾ, ಮಧ್ಯಾಹ್ನ ತಾನೆ ತೆಗ್ದಿದ್ದು?” ಎಂದು ಅಧ್ಯಕ್ಷರ ವಾಯ್ಸ್ ಮೆಸೇಜು ಬಂತು. ಇಡೀ ರಾತ್ರಿ ಕೂತು ಗ್ರೇಡಿಂಗ್ ಮಾಡಿಸಿದ. ಹಾಲಿವುಡ್ ಮಾದರಿ: ಮುಖ ಕಿತ್ತಳೆ, ನೆರಳು ನೀಲಿ. ಚೆನ್ನಾಗಿಯೇ ಇತ್ತು, ನಾನೂ ತಲೆಯಾಡಿಸಿದೆ. ಮಾರನೆಯ ದಿನ ಅಧ್ಯಕ್ಷರು ಕಾಲೇಜಿಗೇ ಬಂದರು. ಕೋಪದಲ್ಲಿದ್ದರು.

“ಹಾಲು ನೀಲಿ ಯಾಕಾಯ್ತು?”

“ಸಾರ್, ಅದು ಮೂಡ್...”

“ನೀಲಿ ಹಾಲು ಅಂದ್ರೆ ನೀರು ಬೆರ್ಸಿದ್ದು ಅಂತ ನಮ್ಮೂರ ಮಗೀಗೂ ಗೊತ್ತು. ಸುವರ್ಣ ಮಹೋತ್ಸವದಲ್ಲಿ ನೀರ್ ಹಾಲು ತೋರ್ಸಿ, ನಾನು ಮುಂದಿನ ಚುನಾವಣೆ ಗೆಲ್ಲೋದೆಂಗೆ?”

ತರಗತಿಯಲ್ಲಿ ನಾನು ವೈಟ್ ಬ್ಯಾಲೆನ್ಸ್ ಎಂದು ಬೋರ್ಡಿನ ಮೇಲೆ ಬರೆದು ಅಂಡರ್‌ಲೈನ್ ಹಾಕಿ ವಿವರಿಸಿದ ವಿಷಯ ಅಷ್ಟು ಬೇಗ ಯಾರ ತಲೆಗೂ ಹೋಗಿರಲಿಲ್ಲ. ಎಡಿಟರ್ ಅಲ್ಲೇ ಕೂತು ಹಾಲನ್ನು ಹಾಲಿನ ಬಣ್ಣಕ್ಕೆ ತಂದ. ಅಧ್ಯಕ್ಷರು ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿ, “ಈಗ ಫ್ಯಾಟ್ ಬಂತು” ಎಂದರು.

ಹನ್ನೊಂದು ನಿಮಿಷವಿದ್ದ ಮೊದಲ ಕಟ್ ಮೂರು ನಿಮಿಷಕ್ಕಿಳಿಯುವಾಗ ತೂಗುವ ಮೇವು ಹೋಯಿತು, ಡ್ರೋನ್ ಹೋಯಿತು, ಸಂಘದ ಹೆಸರಿಗಿಂತ ಮುಂಚೆ ಬರುತ್ತಿದ್ದ ಡೈರೆಕ್ಟರ್ ಹೆಸರು ಕೊನೆಗೆ ಹೋಗಿ ಚಿಕ್ಕದಾಯಿತು. ಫೈನಲ್, ಫೈನಲ್ 2, ಪಕ್ಕಾ ಫೈನಲ್, ಅಧ್ಯಕ್ಷರ ಫೈನಲ್ ಎಂಬ ಫೈಲುಗಳು ಒಂದರ ಹಿಂದೊಂದು ಹೋದವು. ಮಹಾಸಭೆಯ ಶಾಮಿಯಾನದಲ್ಲಿ ಪರದೆ ಸುಮಾರಾಗಿತ್ತು, ಬಿಸಿಲಿಗೆ ಅರ್ಧ ಬಣ್ಣ ಕಾಣುತ್ತಿರಲಿಲ್ಲ. ಮಾತು ಮಾತ್ರ ಕೊನೆಯ ಸಾಲಿನವರಿಗೂ ಸ್ಪಷ್ಟವಾಗಿ ಕೇಳಿಸಿತು. “ಅಗೋ ನಮ್ ಗೌರಿ!” ಎಂದು ಹೆಂಗಸರ ಕಡೆಯಿಂದ ಕೂಗು ಬಂದಾಗ ಚಪ್ಪಾಳೆ ಬಿತ್ತು. ಶಾಲು ಹೊದಿಸಲು ಡೈರೆಕ್ಟರನ್ನು ಕರೆದರು. ಎಂದಿನಂತೆ ಬಹಳ ಜನ ಎದ್ದರು.

ವೈವಾದಲ್ಲಿ “ಏನು ಕಲಿತೆಯಪ್ಪಾ?” ಎಂದು ಕೇಳಿದೆ. “ಕ್ಲೈಂಟಿಗೆ ಟೇಸ್ಟ್ ಇಲ್ಲ ಸಾರ್” ಎಂದ. ಅಂಕ ಕೊಟ್ಟೆ. ಸುಳ್ಳೇಕೆ ಹೇಳಲಿ, ಅವನಿಲ್ಲದಿದ್ದರೆ ಉಳಿದ ನಾಲ್ವರು ಇಷ್ಟು ಕಲಿಯುತ್ತಿರಲಿಲ್ಲ. ಒಬ್ಬ ಮೇವಿಗೆ ಕಾರ್ಡು ತುಂಬಿಸದೆ ಇನ್ನೊಬ್ಬನಿಗೆ ಕಾರ್ಡಿನ ಲೆಕ್ಕ ಬರುವುದಿಲ್ಲ.

ನಿಮ್ಮೂರಿನ ಸಂಘಕ್ಕೋ ಶಾಲೆಗೋ ಎಣ್ಣೆ ಗಾಣಕ್ಕೋ ಒಂದು ವಿಡಿಯೊ ಬೇಕಿದ್ದರೆ ಹತ್ತಿರದ ಕಾಲೇಜಿನ ಮಾಧ್ಯಮ ವಿಭಾಗದಲ್ಲಿ ವಿಚಾರಿಸಿ. ಬೇಕಾದ್ದನ್ನು ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ. ಊಟ ಹಾಕಿ, ಖರ್ಚಿನ ದುಡ್ಡು ಮುಂಗಡ ಕೊಡಿ. ಡೈರೆಕ್ಟರ್ ಯಾರೆಂದು ಹುಡುಕುವ ಕಷ್ಟ ನಿಮಗಿಲ್ಲ, ಅವನೇ ಮುಂದೆ ಬರುತ್ತಾನೆ. ಸೌಂಡ್ ನೋಡಿಕೊಂಡವರು ಯಾರೆಂದು ಕೇಳಿ ಅವರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಪ್ರಾಜೆಕ್ಟ್ ಫೈಲ್ ಇರುವುದು ಅವರ ಹತ್ತಿರವೇ, ಚುನಾವಣೆಯಾಗಿ ಅಧ್ಯಕ್ಷರು ಬದಲಾದಾಗ ಬೇಕಾಗುತ್ತದೆ.