ಕಡಿಯದಿರಲು ಕೂಲಿ ಕೇಳುವವನು

ಏಪ್ರಿಲ್ ಕೊನೆಯ ಗಾಳಿಮಳೆಗೆ ಬೆಂಗಳೂರಿನಲ್ಲಿ ಮೊದಲ ಮರ ಕಾರಿನ ಮೇಲೆ ಬಿದ್ದ ಮರುದಿನ ಮರಗಳ ಆರೈಕೆಯೇ ವೃತ್ತಿಯಾದ ಆರ್ಬರಿಸ್ಟನ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತದೆ. ಮಳೆ ನಿಂತ ಮೇಲೆ ಅವನೇ ಎಲ್ಲರಿಗೂ ಫೋನು ಮಾಡುತ್ತಾನೆ, ಯಾರೂ ಎತ್ತುವುದಿಲ್ಲ.

ಇವನನ್ನು ಗುರುತಿಸುವುದು ಸುಲಭ. ವಯಸ್ಸು ಮೂವತ್ತರ ಆಸುಪಾಸು, ಬಿಟ್ಟು ಬಂದ ಕೆಲಸ ಸಾಫ್ಟ್‌ವೇರಿನದು. ಕಾರಿನ ಡಿಕ್ಕಿಯಲ್ಲಿ ಹಗ್ಗದ ಸುರುಳಿ, ಹೆಲ್ಮೆಟ್, ಕೈಗರಗಸ, ಒಂದು ರಬ್ಬರ್ ಸುತ್ತಿಗೆ. ನಡೆಯುವಾಗ ಕಣ್ಣು ಸದಾ ಮೇಲೆ. ನಮ್ಮ ಫುಟ್‌ಪಾತುಗಳ ಮೇಲೆ ಇದು ಮರ ಹತ್ತುವುದಕ್ಕಿಂತ ಅಪಾಯದ ಅಭ್ಯಾಸ. ಮದುವೆಗೆ ಕರೆದುಕೊಂಡು ಹೋದರೆ ಛತ್ರದ ಎದುರಿನ ಹೊಂಗೆಗೆ ಯಾರೋ ಹೊಡೆದ ಮೊಳೆ ಕೀಳುತ್ತ ನಿಂತು, ಕೊನೆಯ ಪಂಕ್ತಿಯ ಊಟವನ್ನೂ ತಪ್ಪಿಸಿಕೊಳ್ಳುತ್ತಾನೆ.

ವೃತ್ತಿ ಹಿಡಿಯುವುದು ಮಾತ್ರ ಅಷ್ಟು ಸುಲಭವಲ್ಲ. 1924ರಲ್ಲಿ ಅಮೆರಿಕದಲ್ಲಿ ಮೊದಲಾದ ಅಂತರರಾಷ್ಟ್ರೀಯ ಆರ್ಬರಿಕಲ್ಚರ್ ಸಂಘ ಒಂದು ಪರೀಕ್ಷೆ ನಡೆಸುತ್ತದೆ. ಅದಕ್ಕೆ ಕೂರಬೇಕಾದರೆ ಸಾಮಾನ್ಯವಾಗಿ ಮೂರು ವರ್ಷದ ಅನುಭವ ತೋರಿಸಬೇಕು. ಅನುಭವ ಬರಬೇಕಾದರೆ ಕೆಲಸ ಬೇಕು, ಕೆಲಸ ಕೊಡುವವರು ಸರ್ಟಿಫಿಕೇಟು ಕೇಳುತ್ತಾರೆ. ಆದ್ದರಿಂದ ಹೊಸಬರೆಲ್ಲ ಮೊದಲು ಹುಡುಕಿಕೊಂಡು ಹೋಗುವುದು ನೆಂಟರ ಮನೆಯ ಮರಗಳನ್ನು.

ಈ ಲೇಖಕನ ಪಾಲಿಗೆ ಬಂದವನು ಅಕ್ಕನ ಮಗ, ಶಿರಸಿ ಕಡೆಯ ಅಡಿಕೆ ತೋಟದ ಮನೆಯವನು. ಅಜ್ಜ ಅಡಿಕೆ ಕೊನೆ ಇಳಿಸುವ ಕೊನೆಗೌಡನಿಗೆ ಕೂಲಿ ಕೊಟ್ಟು ಮರ ಹತ್ತಿಸುತ್ತಿದ್ದರು. ಮೊಮ್ಮಗ ತಾನೇ ಫೀಸು ಕಟ್ಟಿ ಮರ ಹತ್ತಲು ಕಲಿತ. ಈ ಲೆಕ್ಕ ಅಕ್ಕನಿಗೆ ಇಂದಿಗೂ ತಾಳೆಯಾಗಿಲ್ಲ.

ಲೇಖಕನ ಮನೆಯೆದುರಿನ ರಸ್ತೆಯಲ್ಲೊಂದು ಗುಲ್‌ಮೊಹರ್ ಇದೆ. ಮಡಗಾಸ್ಕರ್ ಮೂಲದ ಮರ. ಮೇ ತಿಂಗಳಲ್ಲಿ ಕೆಂಪಗೆ ಹೂಬಿಟ್ಟು, ಗಾಳಿ ಬಂದರೆ ಥಟ್ಟನೆ ಕೊಂಬೆ ಮುರಿದುಕೊಳ್ಳುವ ಜಾತಿ. ಅದರ ಒಂದು ಕೊಂಬೆ ಗೇಟಿನ ಮೇಲೆ ಬಾಗಿತ್ತು. “ಅದೊಂದನ್ನು ತೆಗೆದುಬಿಡೋ” ಎಂದದ್ದಷ್ಟೇ. “ಮೊದಲು ನೋಡೋಣ ಮಾವ” ಎಂದವನು ಒಂದಿಡೀ ಭಾನುವಾರ ನೋಡಿದ. ಕಾಂಡದ ಸುತ್ತ ರಬ್ಬರ್ ಸುತ್ತಿಗೆಯಿಂದ ತಟ್ಟಿದ, ಪೊಳ್ಳು ಸದ್ದಿಗೆ ಕಿವಿಗೊಟ್ಟ, ಫೋಟೋ ತೆಗೆದ, ಮತ್ತೆ ತಟ್ಟಿದ. ಜನ ಸೇರಿದರು. ನಿವೃತ್ತ ಬ್ಯಾಂಕ್ ಮ್ಯಾನೇಜರರೊಬ್ಬರು ಸುತ್ತಿಗೆ ಕಂಡು ತಮ್ಮ ಮೊಣಕಾಲನ್ನೂ ತೋರಿಸಿದರು.

ಆಮೇಲೆ ಕಾಯ್ದೆ. ರಸ್ತೆಯ ಮರಕ್ಕೆ ಮನಸ್ಸು ಬಂದಂತೆ ಕತ್ತಿ ಹಾಕುವ ಹಾಗಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಅದಕ್ಕೊಬ್ಬ ವೃಕ್ಷಾಧಿಕಾರಿ ಇದ್ದಾರೆ. ಅರ್ಜಿ ಹೋಯಿತು, ಉತ್ತರ ನಿಧಾನವಾಗಿ ಬಂತು. ಕೊನೆಗೂ ಹಗ್ಗ ಕಟ್ಟಿ ಮೇಲೇರಿದವನು ಒಂದು ಕೊಂಬೆಗೆ ಮೂರು ಕಡೆ ಗರಗಸ ಹಾಕಿದ: ಮೊದಲು ಬುಡದಿಂದ ಸ್ವಲ್ಪ ದೂರ, ಕೆಳಗಿನಿಂದ ಅರೆಕಚ್ಚು; ಆಮೇಲೆ ಅದಕ್ಕಿಂತ ತುಸು ಆಚೆ ಮೇಲಿನಿಂದ ಪೂರ್ತಿ; ಕೊಂಬೆ ಉರುಳಿದ ಮೇಲೆ ಉಳಿದ ಮೋಟನ್ನು ಬುಡದ ಉಬ್ಬಿನ ಹೊರಗೆ. ಒಂದೇ ಏಟಿಗೆ ಕತ್ತರಿಸಿದರೆ ಕೊಂಬೆ ಬೀಳುತ್ತ ಕಾಂಡದ ತೊಗಟೆಯನ್ನೂ ಸೀಳಿಕೊಂಡು ಹೋಗುತ್ತದೆ.

ಇಷ್ಟರಲ್ಲಿ ಲೇಖಕ ಉಪಕಾರ ಮಾಡಲು ಡಾಂಬರಿನ ಡಬ್ಬಿ ಹಿಡಿದು ಬಂದ. ಗಾಯಕ್ಕೆ ಬಳಿಯಬೇಡವೇ? ಮರದ ಮೇಲಿಂದಲೇ ಪಾಠ ಶುರುವಾಯಿತು. ಅಮೆರಿಕದ ಅರಣ್ಯ ಇಲಾಖೆಯ ಅಲೆಕ್ಸ್ ಶೈಗೊ ಎಂಬಾತ ಸಾವಿರಾರು ಮರಗಳನ್ನು ಸೀಳಿ ನೋಡಿದ್ದಾನೆ. ಮರದ ಗಾಯ ಮಾಯುವುದಿಲ್ಲ, ಕೊಳೆತ ಭಾಗದ ಸುತ್ತ ಮರ ತಾನೇ ತಡೆ ಕಟ್ಟಿ ಅದನ್ನು ಒಳಗೇ ಮುಚ್ಚಿಹಾಕುತ್ತದೆ. 1977ರಲ್ಲೇ ಇದೆಲ್ಲ ಅಚ್ಚಾಗಿದೆ. ಡಾಂಬರು ಬಳಿದರೆ ಬಳಿದವರಿಗಷ್ಟೇ ಸಮಾಧಾನ. ಕೆಳಗೆ ಕತ್ತು ಎತ್ತಿ ನಿಂತವನ ನೋವಿಗೆ ಮಾತ್ರ ಶೈಗೊ ಏನನ್ನೂ ಸೂಚಿಸಿರಲಿಲ್ಲ.

ಇಳಿದು ಬಂದವನು ಕೊಟ್ಟ ತೀರ್ಪು: ತೊಂದರೆ ಕೊಂಬೆಯದಲ್ಲ, ಮರದ ಕಟ್ಟೆಯದು. ಬುಡಕ್ಕೆ ಒತ್ತಿಕೊಂಡು ಸಿಮೆಂಟು ಹಾಕಿ, ಮೇಲೆ ಗ್ರಾನೈಟ್ ಹಾಸಿ, ಬೀದಿಯ ಹಿರಿಯರು ಸಂಜೆ ಕೂತು ಸರ್ಕಾರಗಳನ್ನು ಬೀಳಿಸುತ್ತಿದ್ದ ಜಾಗ ಅದು. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದಿಲ್ಲಿಯ ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟು ತೆಗೆಸಲು ಹೇಳಿತ್ತು. “ದಿಲ್ಲಿ ಆದೇಶ ನಮ್ಮ ಬೀದಿಗ್ಯಾಕೋ?” “ಬೇರು ಅಲ್ಲೂ ಉಸಿರಾಡುತ್ತೆ, ಇಲ್ಲೂ ಉಸಿರಾಡುತ್ತೆ ಮಾವ.” ಕಟ್ಟೆ ಒಡೆಯಿತು. ಹಿರಿಯರೆಲ್ಲ ಲೇಖಕನ ಜಗುಲಿಗೆ ಬಂದು ಕೂತರು. ಗುಲ್‌ಮೊಹರ್ ಈಗ ಹಾಯಾಗಿದೆ. ಮನೆಯಲ್ಲಿ ಕಾಫಿಪುಡಿ ವಾರ ಕಳೆಯುವ ಮೊದಲೇ ಮುಗಿಯುತ್ತದೆ.

ಇಷ್ಟಾದರೂ ಹುಡುಗನ ಕಷ್ಟ ನಿಜವಾದದ್ದು. ಮಚ್ಚು ಹಿಡಿದು ಬರುವವನಿಗೆ ಕಡಿದ ಸೌದೆಯೇ ಸಂಬಳ, ಹೆಚ್ಚು ಕಡಿದಷ್ಟೂ ಹೆಚ್ಚು ಲಾಭ. ಇವನೋ ಕಡಿಮೆ ಕಡಿದು ಹೆಚ್ಚು ಕೇಳುತ್ತಾನೆ. “ಆಚೆ ಬೀದಿಯವನು ಇಡೀ ಮರ ಬೋಳಿಸಿ ಒಂದು ಪೈಸೆ ಕೇಳಲಿಲ್ಲ” ಎನ್ನುವವರಿಗೆ, ಬೋಳಿಸಿದ ಕಡೆ ಮತ್ತೆ ಚಿಗುರುವ ಕೊಂಬೆಗಳಿಗೆ ಹಿಡಿತವಿರುವುದಿಲ್ಲ, ಕೆಲವು ಮಳೆಗಾಲದ ನಂತರ ಅವೇ ಕಳಚಿ ಬೀಳುತ್ತವೆ ಎಂದು ಎಷ್ಟು ಸಲ ಹೇಳುವುದು? ಮರ ನೆಡಿಸಿದವರಿಗೆ ಊರಿನಲ್ಲಿ ಹೆಸರಿದೆ. ತಿಂಗಳುಗಳ ಸರದಿಗೆ ಹೂಬಿಡುವ ಮರಗಳನ್ನು ಬೆಂಗಳೂರಿಗೆ ಯೋಜಿಸಿದ ಕ್ರುಂಬಿಗಲ್ ಹೆಸರಿನಲ್ಲಿ ರಸ್ತೆಯೇ ಇದೆ. 1980ರ ದಶಕದಲ್ಲಿ ಲಕ್ಷಗಟ್ಟಲೆ ಸಸಿ ನೆಡಿಸಿದ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರನ್ನೂ ಜನ ನೆನೆಯುತ್ತಾರೆ. ಆ ಸಸಿಗಳಿಗೆಲ್ಲ ಈಗ ಒಟ್ಟಿಗೆ ನಡುವಯಸ್ಸು ದಾಟಿದೆ. ಬೇರಿನ ಪಕ್ಕ ಕೇಬಲ್ಲು, ಚರಂಡಿ, ನೀರಿನ ಪೈಪು. ನೆಡುವುದಕ್ಕೆ ಸಮಾರಂಭವಿದೆ, ಸಚಿವರಿದ್ದಾರೆ. ಆಮೇಲೆ ನೋಡಿಕೊಳ್ಳುವವನಿಗೆ ಮಾತ್ರ ಸಂಬಳದ ಪಟ್ಟಿಯಲ್ಲಿ ಸಾಲೇ ಇಲ್ಲ. ಹುಡುಗನ ಈ ಭಾಷಣ ಅಂಟುರೋಗವೆಂದು ಕಾಣುತ್ತದೆ, ಜಗುಲಿಯ ಹಿರಿಯರಿಗೂ ತಗುಲಿದೆ.

ಕೊಯ್ಲಿನ ಕಾಲಕ್ಕೆ ಅಕ್ಕ ಫೋನು ಮಾಡಿದಳು. ಕೊನೆಗೌಡರು ಸಿಗುವುದು ಕಷ್ಟ, ಊರಿನ ಮರವನ್ನೆಲ್ಲ ಹತ್ತುವವನು ಮನೆಯ ಮರವನ್ನೂ ಹತ್ತಲಿ ಎಂದು. ಅಳಿಯ ಸಸ್ಯಶಾಸ್ತ್ರದ ಮರೆ ಹೊಕ್ಕ: ಅಡಿಕೆ ಮರದಲ್ಲಿ ಕೇಂಬಿಯಂ ಇಲ್ಲ, ಗಾಯವಾದರೆ ಮುಚ್ಚಿಕೊಳ್ಳುವುದಿಲ್ಲ, ಮುಳ್ಳಿನ ಬೂಟು ಹಾಕುವಂತಿಲ್ಲ, ಅದು ಬೇರೆಯೇ ವಿಭಾಗ. ಅಕ್ಕ ಸಸ್ಯಶಾಸ್ತ್ರ ಓದಿದವಳಲ್ಲ. ಬಸ್ಸಿನ ಟಿಕೆಟ್ ತೆಗೆಸಿದಳು. ತೋಟದಲ್ಲಿ ಇವನು ಹಗ್ಗದ ಗಂಟು ಪರೀಕ್ಷಿಸುವಷ್ಟರಲ್ಲಿ, ಹೇಗೋ ಸಿಕ್ಕಿದ್ದ ಮುದಿ ಕೊನೆಗೌಡ ಕಾಲಿಗೆ ತಳೆ ಹಾಕಿಕೊಂಡು ತುದಿ ಮುಟ್ಟಿದ, ಕೊನೆ ಇಳಿಸಿದ, ಮರವನ್ನು ತೂಗಿ ಪಕ್ಕದ ಮರಕ್ಕೆ ದಾಟಿದ. ಅಳಿಯ ಹೆಲ್ಮೆಟ್ ಕಳಚಿ, ಕಲಿಸಿಕೊಡುವಿರಾ ಎಂದು ಕೇಳಿದನಂತೆ. ಹತ್ತಲು ಒಂದು ಕೂಲಿ, ಕಲಿಸಲು ಎರಡು ಎಂದನಂತೆ ಮುದುಕ. ಮಾವನಿಂದ ತಪಾಸಣೆಯ ಫೀಸು ಬಿಡದೆ ವಸೂಲು ಮಾಡಿದ್ದವನು ಅಲ್ಲಿ ಚೌಕಾಸಿಗೆ ಇಳಿದು ಸೋತಿದ್ದಾನೆ. ಅಕ್ಕ ಹೇಳುವ ಪ್ರಕಾರ, ಮೊದಲ ಕಂತು ಅವಳ ಕೈಯಿಂದಲೇ ಹೋಗಿದೆ.