ರೊಡ್ಡ ಕಾಕಾ

ತೆಲಸಂಗದಂಥ ಊರಿನಲ್ಲಿ ಒಂದೇ ಹೆಸರಿನವರು ನಾಲ್ಕೈದು ಮಂದಿ ಇರುವುದು ಸಹಜ. ಯಾರು ಯಾರೆಂದು ಗುರುತಿಸಲು ಊರಿಗೆ ಆಧಾರ್ ಕಾರ್ಡು ಬೇಕಾಗಿಲ್ಲ. ಒಬ್ಬ ಉದ್ದನ ಬಸಪ್ಪ, ಒಬ್ಬ ಗಿರಣಿ ಬಸಪ್ಪ, ಒಬ್ಬ ಮಿಲ್ಟ್ರಿ ಬಸಪ್ಪ, ಇನ್ನೊಬ್ಬ ರೊಡ್ಡ ಬಸಪ್ಪ. ಉದ್ದನವನು ಮುಪ್ಪಿನಲ್ಲಿ ಬಾಗಿ ಗಿಡ್ಡಾಗಬಹುದು, ಗಿರಣಿ ಮಾರಿಹೋಗಬಹುದು, ಮಿಲ್ಟ್ರಿಯವನು ಪೆನ್ಶನ್ ತಗೊಂಡು ಕಟ್ಟೆಯ ಮೇಲೆ ಕೂತುಬಿಡಬಹುದು. ಎಡಗೈಯವನು ಮಾತ್ರ ಸಾಯುವತನಕ ರೊಡ್ಡನೇ. ಸಣ್ಣವನಿದ್ದಾಗ ರೊಡ್ಡ್ಯಾ, ಮೀಸೆ ಬಂದಾಗ ರೊಡ್ಡ, ಮೀಸೆ ನೆರೆತ ಮೇಲೆ ರೊಡ್ಡ ಕಾಕಾ. ಬಡ್ತಿ ಸಿಗುತ್ತದೆ, ಹುದ್ದೆ ಬದಲಾಗುವುದಿಲ್ಲ.

ಲೋಕದಲ್ಲಿ ಸರಿಸುಮಾರು ಹತ್ತು ಮಂದಿಗೆ ಒಬ್ಬರು ಎಡಗೈಯವರು ಎಂದು ಲೆಕ್ಕ ಹೇಳುತ್ತಾರೆ. ಹಾಗಿದ್ದರೆ ಮದುವೆಯ ಪಂಕ್ತಿಯಲ್ಲಿ ನೂರು ಎಲೆ ಬಿದ್ದಾಗ ಹತ್ತು ಜನ ಎಡಗೈಯಲ್ಲಿ ಉಣ್ಣಬೇಕಿತ್ತು. ಕಾಣುವುದು ಒಬ್ಬರು, ಅದೂ ಹಾಲು ಬಿಡಿಸಿದ ಕೂಸು, ತಾಯಿಯ ತೊಡೆಯ ಮೇಲಿನದು. ಉಳಿದ ಒಂಬತ್ತು ಜನ ಎಲ್ಲಿ ಹೋದರು? ಅಲ್ಲೇ ಇದ್ದಾರೆ, ಬಲಗೈಯಲ್ಲಿ ಹುಗ್ಗಿಯನ್ನು ಬಾಯಿಗೂ ಅಂಗಿಗೂ ಸಮನಾಗಿ ಹಂಚುತ್ತಿದ್ದಾರೆ. ರೊಡ್ಡನನ್ನು ಊಟದ ಸಾಲಿನಲ್ಲಿ ಹುಡುಕಬಾರದು, ಹುಣಸೆ ಗಿಡಕ್ಕೆ ಕಲ್ಲು ಒಗೆಯುವಾಗ ನೋಡಬೇಕು.

ನಮ್ಮ ಕಾಕಾ ಆ ಒಂಬತ್ತರಲ್ಲಿ ಒಬ್ಬ. ಅವನನ್ನು ತಿದ್ದುವ ಕೆಲಸ ಮೂರು ವರ್ಷದವನಿದ್ದಾಗಲೇ ಶುರುವಾಗಿತ್ತು. ಅವ್ವ ಎಡಗೈಗೆ ಹಳೇ ಧೋತರದ ಬಟ್ಟೆ ಸುತ್ತಿ, ಮುಷ್ಟಿ ಕಟ್ಟಿ, ತಾಟಿನ ಮುಂದೆ ಕೂರಿಸುತ್ತಿದ್ದಳು. ನೋಡಿದವರು "ಯಾಕ, ಕೈ ಸುಟ್ಟೈತೇನು?" ಎಂದು ಕೇಳುತ್ತಿದ್ದರು. ಮನೆಯಲ್ಲಿ ಇದಕ್ಕೊಬ್ಬ ಪೊಲೀಸಳೂ ಇದ್ದಳು. ಮೂರು ವರ್ಷ ದೊಡ್ಡವಳಾದ ಅಕ್ಕ. ಹಿತ್ತಲಲ್ಲಿ ಇವನು ಬಟ್ಟೆ ಬಿಚ್ಚಿ ರೊಟ್ಟಿ ಮುರಿದನೋ ಇಲ್ಲವೋ, ಅಡುಗೆಮನೆಗೆ ತಂತಿ ಹೋಗುತ್ತಿತ್ತು: "ಅವ್ವಾ, ತಮ್ಮ ಎಡಗೈಲೆ ತಿನ್ನಾಕತ್ತಾನ!" ಈ ಚಾಡಿಗೆ ಅವಳಿಗೆ ಸಿಗುತ್ತಿದ್ದ ಸಂಬಳ ಬೆಲ್ಲದ ಚೂರು. ಅವಳ ಹಲ್ಲು ಹುಳುಕಾದದ್ದು ತನ್ನಿಂದಲೇ ಎಂದು ಕಾಕಾ ಇವತ್ತಿಗೂ ಹೆಮ್ಮೆಪಡುತ್ತಾನೆ.

ಮನೆಯಲ್ಲಿ ಉಳಿದದ್ದನ್ನು ಸಾಲಿ ಪೂರೈಸಿತು. ಎಡಗೈಗೆ ಬಳಪ ಬಂದರೆ ಗಂಟಿಗೆ ಛಡಿ ಏಟು, ಸರಸ್ವತಿ ಸಿಟ್ಟಾಗುತ್ತಾಳೆಂಬ ಬೆದರಿಕೆ ಬೇರೆ. ವೀಣೆ ನುಡಿಸಲು ಸರಸ್ವತಿಗೆ ಎರಡೂ ಕೈ ಬೇಕಲ್ಲ ಎಂದು ಕೇಳುವ ಧೈರ್ಯ ಆ ವಯಸ್ಸಿನಲ್ಲಿ ಯಾರಿಗಿರುತ್ತದೆ?

ಹೀಗೆ ತಿದ್ದಿ ತಿದ್ದಿ ಅರ್ಧಕ್ಕೆ ಬಿಟ್ಟ ಮನುಷ್ಯನೇ ರೊಡ್ಡ ಕಾಕಾ. ಅವನೊಳಗೆ ಇಬ್ಬರು ಪಾಲುದಾರರಿದ್ದಾರೆ. ಉಣ್ಣಲು, ಬರೆಯಲು, ಭಂಡಾರ ಹಚ್ಚಲು ಬಲಗೈ. ಕೊಡಲಿ ಬೀಸಲು, ಎಮ್ಮೆ ಹಿಂಡಲು, ಮೀಸೆ ತಿರುವಲು, ಜಗಳಕ್ಕೆ ಎಡಗೈ. ಜಗಳದಲ್ಲಿ ಅವನ ಹೆಸರು ದೊಡ್ಡದು. ಎದುರಿನವನು ಬಲಗೈ ಮೇಲೆ ಕಣ್ಣಿಟ್ಟು ಎಚ್ಚರದಿಂದ ನಿಂತಿರುತ್ತಾನೆ, ಏಟು ಇನ್ನೊಂದು ದಿಕ್ಕಿನಿಂದ ಬಂದು ಕೂತಿರುತ್ತದೆ. ಜಾತ್ರೆಯ ಕುಸ್ತಿಯಲ್ಲಿ ಒಂದು ಕಾಲಕ್ಕೆ ಇವನ ಜೋಡಿ ಹಿಡಿಯಲು ಹುಡುಗರು ಹಿಂದೆಮುಂದೆ ನೋಡುತ್ತಿದ್ದದ್ದೂ ಇದಕ್ಕೇ.

ಅಕ್ಷರ ಮಾತ್ರ ಸುಧಾರಿಸಲಿಲ್ಲ. ಅವನ ಸಹಿ ಎರಡು ಥರ. ಸಮಾಧಾನದಲ್ಲಿದ್ದಾಗ ಬಲಗೈ ಸಹಿ, ಗಡಿಬಿಡಿಯಲ್ಲಿದ್ದಾಗ ಎಡಗೈ ಸಹಿ. ಖಾತೆ ತೆರೆದ ದಿನ ಗಡಿಬಿಡಿ ಇತ್ತು, ರೊಕ್ಕ ತೆಗೆಯಲು ಹೋದ ದಿನ ಸಮಾಧಾನ ಇತ್ತು. "ಸಹಿ ತಾಳೆ ಆಗವಲ್ದ್ರೀ" ಎಂದು ಬ್ಯಾಂಕಿನ ಹುಡುಗ ಚೀಟಿ ವಾಪಸು ತಳ್ಳಿದ. ಕಾಕಾ ಪೆನ್ನನ್ನು ಈ ಕೈಯಿಂದ ಆ ಕೈಗೆ ದಾಟಿಸಿ ಅವನ ಕಣ್ಣೆದುರಿಗೇ ಇನ್ನೊಂದು ಸಹಿ ಮಾಡಿದ. ಅದು ತಾಳೆಯಾಯಿತು. ಹುಡುಗನಿಗೆ ಸಂಶಯ ಇನ್ನೂ ಹೆಚ್ಚಾಯಿತು.

ಕಾಕಾನನ್ನು ಸರಿಯಾಗಿ ನೋಡಬೇಕೆಂದರೆ ಅವನು ಏನನ್ನಾದರೂ ಕೊಡುವಾಗ, ಇಲ್ಲವೇ ಇಸಿದುಕೊಳ್ಳುವಾಗ ನೋಡಬೇಕು. ಎಡಗೈ ತಾನಾಗಿ ಮುಂದೆ ಹೊರಡುತ್ತದೆ, ನಡುದಾರಿಯಲ್ಲಿ ನಿಲ್ಲುತ್ತದೆ, ಹಿಂದೆ ಸರಿಯುತ್ತದೆ, ಆಮೇಲೆ ಬಲಗೈ ಬರುತ್ತದೆ. ಈ ಅರ್ಧ ಕ್ಷಣದಲ್ಲಿ ಅವನು ಎಷ್ಟೋ ಮಂದಿಯ ಮರ್ಯಾದೆ ಕಾಪಾಡಿದ್ದಾನೆ. ಊರು ಅದಕ್ಕೆ ಕೊಟ್ಟ ಅರ್ಥ ಬೇರೆ. "ರೊಕ್ಕ ಬಿಚ್ಚೂ ಮುಂದ ಹೆಂಗ ಮೀನಾಮೇಷ ಎಣಿಸ್ತಾನ ನೋಡ್" ಎನ್ನುತ್ತಾರೆ. ಜಿಪುಣನೆಂಬ ಬಿರುದು ಅವನಿಗೆ ಹೀಗೆ ಬಂತು. ನನಗನ್ನಿಸುವುದಿಷ್ಟು: ಇಡೀ ಊರಿನಲ್ಲಿ ಕೊಡುವ ಮುಂಚೆ ಯಾವ ಕೈಯಿಂದ ಕೊಡಬೇಕೆಂದು ಯೋಚಿಸುವವನು ಅವನೊಬ್ಬನೇ. ಉಳಿದವರಿಗೆ ಶಿಷ್ಟಾಚಾರ ಹುಟ್ಟಿನಿಂದ ಪುಕ್ಕಟೆ ಸಿಕ್ಕಿದೆ.

ಬೆಳಿಗ್ಗೆ ಅಂಗಡಿಗೆ ಹೋದರೆ ಇನ್ನೂ ತಾಪತ್ರಯ. ಬೋಣಿ ಹೊತ್ತಿನಲ್ಲಿ ಎಡಗೈ ನೋಟು ಕಂಡರೆ ಅಂಗಡಿಯವನ ಮುಖ ಹುಳ್ಳಗಾಗುತ್ತದೆ. "ಕಾಕಾ, ಆ ಕೈಲೆ ಬ್ಯಾಡ್ರಿ, ಇನ್ನೂ ಬೋಣಿ ಆಗಿಲ್ಲ" ಎಂದು ನೋಟನ್ನು ಮುಟ್ಟದೇ ಕೂತಿರುತ್ತಾನೆ. ಈಗ ಎಲ್ಲ ಕಡೆ ಮೊಬೈಲಿನಿಂದ ರೊಕ್ಕ ಕಳಿಸುವುದು ಬಂದ ಮೇಲೆ ಕಾಕಾ ಗೆದ್ದಿದ್ದಾನೆ. ಎಡಗೈಯಲ್ಲೇ ಫೋನು ಹಿಡಿದು ಚೌಕದ ಚಿತ್ರಕ್ಕೆ ತೋರಿಸುತ್ತಾನೆ, ಡಬ್ಬಿ ಮಾತಾಡುತ್ತದೆ, ಅಂಗಡಿಯವನು ಕೈಮುಗಿಯುತ್ತಾನೆ. ಯಾವ ಕೈಯಿಂದ ಬಂತೆಂದು ಡಬ್ಬಿ ಹೇಳುವುದಿಲ್ಲ.

ಇನ್ನು ಹೊಲದ ಮಾತು. ಕುಡುಗೋಲು ಎಂಬ ಆಯುಧವನ್ನು ಬಲಗೈಯವರು ಬಲಗೈಯವರಿಗಾಗಿ ಮಾಡಿಕೊಂಡದ್ದು. ಅದರ ಹಲ್ಲು ಒಂದೇ ಮಗ್ಗುಲಿಗೆ ಕಡೆದಿರುತ್ತದೆ. ಎಡಗೈಯಲ್ಲಿ ಹಿಡಿದರೆ ಮೇವಿನ ಬುಡಕ್ಕೆ ಕಚ್ಚದೆ ಜಾರಿ ಮೇಲೇರುತ್ತದೆ, ಬೆರಳು ಹತ್ತಿರವೇ ಇರುತ್ತದೆ. ಕಾಕಾ ಕಂಬಾರನ ಮುಂದೆ ಕೂತು ತಿರುವುಮುರುವಾಗಿ ಹಲ್ಲು ಕಡೆಸಿದ ಕುಡುಗೋಲು ಮಾಡಿಸಿಕೊಂಡಿದ್ದಾನೆ. ಇದರಿಂದ ಒಂದು ದೊಡ್ಡ ಉಪಕಾರವಾಗಿದೆ. ಓಣಿಯ ಎಲ್ಲರ ಕುಡುಗೋಲೂ ಇನ್ನೊಬ್ಬರ ಮನೆಯಲ್ಲಿರುತ್ತದೆ, ಕಾಕಾನದು ಮಾತ್ರ ಅವನ ಮನೆಯಲ್ಲೇ. ಒಮ್ಮೆ ಒಬ್ಬ ಕಡ ಒಯ್ದಿದ್ದ. ಮಧ್ಯಾಹ್ನದೊಳಗೆ ಹೆಬ್ಬೆರಳಿಗೆ ಅರಿಷಿಣ ಮೆತ್ತಿಕೊಂಡು ತಂದು ಒಪ್ಪಿಸಿದ.

ಬರಗಾಲದ ಈ ಸೀಮೆಗೆ ದ್ರಾಕ್ಷಿ ಬಂದ ಮೇಲೆ ಕತ್ತರಿಯ ಕಾಟ ಸೇರಿತು. ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವುದು, ಎಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು. ಚಾಟ್ನಿ ಕತ್ತರಿಯ ಕೀಲಿ ಬಲಗೈ ಹೆಬ್ಬೆರಳಿಗೆ ಸಿಗುವ ಕಡೆ ಇರುತ್ತದೆ, ಎಡಗೈಯವನಿಗೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಆದರೂ ಪಡದ ಮಾಲಕರು ಕಾಕಾನನ್ನು ಬಿಡುವುದಿಲ್ಲ. ಬಲಗೈಯವನು ತಿರುಗಿ ನಿಂತು ಒದ್ದಾಡುವ ಮೂಲೆಯ ಕಡ್ಡಿ ಇವನಿಗೆ ನೇರ ಸಿಗುತ್ತದೆ. ಸಾಲಿನ ಆ ಮಗ್ಗುಲಿಗೆ ಒಬ್ಬ ಬಲಗೈಯವನು, ಈ ಮಗ್ಗುಲಿಗೆ ಕಾಕಾ ನಿಂತರೆ ಕೆಲಸ ಸರಾಗ. ಪಗಾರದಲ್ಲಿ ಹೆಚ್ಚಿಗೆ ಏನೂ ಇಲ್ಲ, ಚಹಾ ಮಾತ್ರ ಎರಡು ಸಲ.

ಮಧ್ಯಾಹ್ನ ಬೇವಿನ ಗಿಡದ ನೆರಳಲ್ಲಿ ಬುತ್ತಿ ಬಿಚ್ಚಿದಾಗ ಕಾಕಾ ಮಠದ ಶಾಸ್ತ್ರಿಯಾಗುತ್ತಾನೆ. ಎಡಗೈ ಮೈಲಿಗೆ ಎಂದು ಯಾರಾದರೂ ಕೆಣಕಿದರೆ ಸಾಕು.

"ಇಷ್ಟಲಿಂಗ ಪೂಜಿ ಮಾಡೂ ಮುಂದ ಲಿಂಗ ಯಾವ ಅಂಗೈಮ್ಯಾಲ ಇಡ್ತಿ?"

"ಎಡಗೈ."

"ಹೊಲದಾಗ ತಾಟ ಇಲ್ಲಂದ್ರ ರೊಟ್ಟಿ ಯಾವ ಅಂಗೈಮ್ಯಾಲ ಇಟಗೊಂಡು, ಮ್ಯಾಲ ಝುಣಕಾ ಹಾಕ್ಕೊಂಡು ಉಣ್ತಿ?"

"ಎಡಗೈ."

"ಉಣ್ಣೂ ಮುಂದ ನೀರಿನ ತಂಬಿಗಿ?"

"ಅದೂ ಎಡಗೈ ಬಿಡ ಕಾಕಾ."

"ದೇವರಿಗೆ, ಅನ್ನಕ್ಕ, ನೀರಿಗೆ ನಡದದ್ದು ನಿನಗ ಮೈಲಿಗಿ ಆತೇನಲೇ?"

ಎದುರಿನವನು ಸುಮ್ಮನಾದರೂ ಕಾಕಾ ಸುಮ್ಮನಾಗುವುದಿಲ್ಲ. ಎತ್ತುಗಳಿಗೆ ಬರುತ್ತಾನೆ. ನೊಗದ ಎಡಕ್ಕೆ ರೂಢಿಯಾದ ಎತ್ತು ಬೇರೆ, ಬಲಕ್ಕೆ ರೂಢಿಯಾದದ್ದು ಬೇರೆ. ಜೋಡಿ ಮುರಿದರೆ ಸಂತೆಯಲ್ಲಿ ಎಡದ ಎತ್ತನ್ನೇ ಕೇಳಿ, ಹುಡುಕಿ, ಪೂರಾ ರೇಟು ಕೊಟ್ಟು ತರುತ್ತಾರೆ. "ಎತ್ತಿಗೆ ಕೊಡೂ ಮರ್ಯಾದಿ ನನಗ ಕೊಡ್ರಿ ಸಾಕು" ಎನ್ನುತ್ತಾನೆ. ಆಮೇಲೆ ಸರಕಾರ. ಖರೀದಿ ಪತ್ರಕ್ಕೆ ಎಡಗೈ ಹೆಬ್ಬೆಟ್ಟು. ವೋಟು ಹಾಕಿದರೆ ಎಡಗೈ ತೋರುಬೆರಳಿಗೆ ಶಾಯಿ, ಅದೂ ಮೈಸೂರಿನ ಪೇಂಟ್ಸ್ ಕಾರ್ಖಾನೆಯದು, 1962ರ ಚುನಾವಣೆಯಿಂದ ನಡೆದುಬಂದದ್ದು. "ದೇಶಾ ನಡಸೂದೆಲ್ಲಾ ಎಡಗೈಲೆ. ಹೋಳಿಗಿ ತಿನ್ನಾಕ ಅಷ್ಟ ಬಲಗೈ ಬೇಕು" ಎಂಬುದು ಅವನ ಕೊನೆಯ ತೀರ್ಪು. ಇದೆಲ್ಲ ಹೇಳುವಾಗ ಅವನು ರೊಟ್ಟಿಯನ್ನು ಬಲ ಅಂಗೈಯ ಮೇಲಿಟ್ಟುಕೊಂಡು ಎಡಗೈಯಲ್ಲಿ ನೆಮ್ಮದಿಯಿಂದ ಉಣ್ಣುತ್ತಿರುತ್ತಾನೆ. ಹೊಲದಲ್ಲಿ ಅಕ್ಕ ಇರುವುದಿಲ್ಲ.

ಮೊಮ್ಮಕ್ಕಳು ಮೊಬೈಲಿನಲ್ಲಿ ಹುಡುಕಿ ಕೊಟ್ಟ ಸರಕೂ ಅವನ ಬಳಿ ಬೇಕಾದಷ್ಟಿದೆ. ಆಗಸ್ಟ್ 13 ಎಡಗೈಯವರ ದಿನವೆಂದು ಗೊತ್ತಾದಾಗ "ಝಂಡಾ ಹಾರಸೂದಕ್ಕಿಂತ ಎರಡ ದಿನ ಮೊದಲ ನಮಗ ಸ್ವಾತಂತ್ರ್ಯ ಬಂದೈತಿ" ಎಂದು ಊರೆಲ್ಲ ಹೇಳಿಕೊಂಡು ಬಂದ. 1924ರಲ್ಲಿ ಬೆಳಗಾವಿ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ ಗಾಂಧೀಜಿ, ಅದಕ್ಕೂ ಮುಂಚೆ 1909ರಲ್ಲಿ ಹಡಗಿನಲ್ಲಿ ಕೂತು ‘ಹಿಂದ್ ಸ್ವರಾಜ್’ ಬರೆಯುವಾಗ ಬಲಗೈ ಸೋತಾಗ ಎಡಗೈಯಲ್ಲಿ ಬರೆದರಂತೆ. ಇದನ್ನು ಕಾಕಾ ಸಾಲಿಯ ಮಾಸ್ತರರಿಗೇ ಹೋಗಿ ಹೇಳಿದ. ಛಡಿ ಹಿಡಿದ ಹಳೇ ಮಾಸ್ತರರು ಯಾವಾಗಲೋ ತೀರಿಹೋಗಿದ್ದರು; ಪಾಪ, ಹೊಸ ಮಾಸ್ತರರು ಯಾಕೆ ಬೈಸಿಕೊಳ್ಳುತ್ತಿದ್ದೇನೆಂದು ತಿಳಿಯದೆ ಚಹಾ ತರಿಸಿದರು.

ಕ್ರಿಕೆಟ್ಟಿನಲ್ಲಿ ಅವನಿಗೆ ಪ್ರೀತಿಯ ಕಥೆ ಒಂದೇ. 1982ರ ರಣಜಿ ಸೆಮಿಫೈನಲ್, ಬೆಂಗಳೂರು, ಕರ್ನಾಟಕಕ್ಕೆ ಎದುರಾಗಿ ಮುಂಬಯಿ. ರಘುರಾಮ ಭಟ್ಟರ ಎಡಗೈ ಸ್ಪಿನ್ನಿಗೆ ಉಪಾಯ ಕಾಣದೆ ಸುನಿಲ್ ಗಾವಸ್ಕರ್ ಎಡಗೈ ಬ್ಯಾಟ್ಸ್‌ಮನ್ನಾಗಿ ನಿಂತುಬಿಟ್ಟರು. ಬೇರೆಯವರು ಚೆಂಡು ಹಾಕಲು ಬಂದರೆ ಮತ್ತೆ ಬಲಗೈ. "ಅಷ್ಟ ದೊಡ್ಡ ಗಾವಸ್ಕರನೂ ಜೀಂವಾ ಉಳಿಸ್ಕೊಳ್ಳಾಕ ಕಡೀಕ ರೊಡ್ಡ ಆಗಬೇಕಾತು!" ಆದರೆ ಹೊಟ್ಟೆಕಿಚ್ಚು ತರಿಸುವುದು ಸ್ಮೃತಿ ಮಂಧಾನಾ. ನಮಗೆ ಬಗಲಲ್ಲೇ ಇರುವ ಸಾಂಗ್ಲಿಯಲ್ಲಿ ಬೆಳೆದ ಹುಡುಗಿ. ಹುಟ್ಟಾ ಬಲಗೈಯವಳು, ಎಡಗೈ ಬ್ಯಾಟಿಂಗ್ ಎಂದರೆ ತಂದೆಗೆ ಜೀವವೆಂದು ಎಡಗೈ ಆಟ ಕಲಿತಳು. "ಅಲ್ಲಿ ಬಲಗೈ ಇದ್ದವ್ರನ್ನ ರೊಡ್ಡ ಮಾಡ್ತಾರ, ಇಲ್ಲಿ ರೊಡ್ಡ ಇದ್ದವ್ರ ಕೈ ಕಟ್ಟತಾರ. ನಾಕ ಹೆಜ್ಜಿ ಪಡುವಣಕ್ಕ ಹುಟ್ಟಬೇಕಾಗಿತ್ತು ನಾ" ಎಂದು ನಿಟ್ಟುಸಿರು ಬಿಡುತ್ತಾನೆ. ಬ್ಯಾಟು ಒಮ್ಮೆಯೂ ಹಿಡಿದವನಲ್ಲ, ಅದು ಬೇರೆ ಮಾತು.

ಗಂಡಸಾದ ರೊಡ್ಡನಿಗೆ ಹೊಲ ಇದೆ, ಕುಸ್ತಿ ಇದೆ, ಮಾತಿಗೆ ಕಟ್ಟೆ ಇದೆ. ಹೆಣ್ಣುಮಗಳಾದರೆ ಹಾಗಲ್ಲ. ಆರತಿ, ಉಡಿ ತುಂಬುವುದು, ಬಡಿಸುವುದು, ಕುಂಕುಮ ಹಚ್ಚುವುದು, ಎಲ್ಲದರಲ್ಲೂ ಅವಳ ಕೈಯ ಮೇಲೆ ಹತ್ತು ಕಣ್ಣು. ಅದಕ್ಕೇ ಕನ್ಯಾ ನೋಡಲು ಹೋದಾಗ ಎಡಗೈ ಹುಡುಗಿಯರು ಎಡಗೈಯನ್ನು ಸೆರಗಿನೊಳಗೆ ಅಡಗಿಸಿಕೊಂಡೇ ಬರುತ್ತಾರೆ.

ಹೋದ ವರ್ಷ ಅಕ್ಕನ ಮಗನಿಗೆ ಹೆಣ್ಣು ನೋಡಲು ಗಡಿಯಾಚೆ ಜತ್ತ ಕಡೆಯ ಹಳ್ಳಿಗೆ ಕ್ರೂಸರ್ ತುಂಬ ಮಂದಿ ಹೋದರು. ಸೋದರಮಾವನೆಂದು ಕಾಕಾ ಮುಂದಿನ ಸೀಟು. ಹುಡುಗಿ ಬಂದಳು, ನೀರು ಕೊಟ್ಟಳು, ಚೂಡಾ ಕೊಟ್ಟಳು, ಎಲ್ಲ ಬಲಗೈ. ಯಾರಿಗೂ ಏನೂ ಅನ್ನಿಸಲಿಲ್ಲ. ಕಾಕಾನಿಗೆ ಮಾತ್ರ ಆ ಅರ್ಧ ಕ್ಷಣ ಕಂಡಿತು. ಪ್ರತಿ ತಾಟು ದಾಟಿಸುವ ಮುಂಚೆ ಒಂದು ಸಣ್ಣ ತಡೆ. ಅವನು ಬೇಕೆಂದೇ ಚೂಡಾದ ತಾಟನ್ನು ಓರೆ ಹಿಡಿದ. ಚಮಚ ಜಾರಿತು. ನೆಲಕ್ಕೆ ಬೀಳುವುದರೊಳಗೆ ಹುಡುಗಿಯ ಎಡಗೈ ಸೆರಗಿನಿಂದ ಹೊರಗೆ ಬಂದು ಅದನ್ನು ಹಿಡಿದಿತ್ತು. ಹಿಡಿದ ಮೇಲೆ ನೆನಪಾಗಿ ಬಲಗೈಗೆ ದಾಟಿಸಿ ಕಾಕಾನ ಮುಖ ನೋಡಿದಳು. ಅವಳ ಬಣ್ಣವೇ ಇಳಿದಿತ್ತು. ಕಾಕಾ ಚಮಚ ಇಸಿದುಕೊಂಡು, ಚಹಾ ಬಸಿಗೆ ಸುರುವಿಕೊಂಡು, ಸೊರ್ರನೆ ಹೀರಿದ.

ಬರುವಾಗ ದಾರಿಯಲ್ಲಿ ಅಕ್ಕ ಕೇಳಿದಳು: "ಹೆಂಗ ಅನಿಸ್ತೋ ತಮ್ಮಾ ಹುಡುಗಿ?"

"ಛಲೋ ಅದಾಳ ಅಕ್ಕಾ. ಕೈ ಭಾಳ ಚುರುಕ ಐತಿ."

ಮದುವೆಯಾಯಿತು. ಎರಡು ತಿಂಗಳು ಸೊಸೆ ಸೆರಗಿನೊಳಗೇ ಕಳೆದಳು. ಆಮೇಲೆ ಅಡುಗೆಮನೆ ಪೂರಾ ಅವಳ ಕೈಗೆ ಬಂದಿತು, ಅಂದರೆ ಎಡಗೈಗೆ. ಉಪ್ಪಿನ ಡಬ್ಬಿ ಒಲೆಯ ಆ ಕಡೆಗೆ ಹೋಯಿತು, ಹಿಟ್ಟಿನ ಬುಟ್ಟಿ ಜಾಗ ಬಿಟ್ಟಿತು, ಸೌಟುಗಳ ಮೊಳೆ ಇನ್ನೊಂದು ಗೋಡೆಗೆ ಏರಿತು. ಅಕ್ಕ ರೂಢಿಯಂತೆ ಉಪ್ಪಿಗೆ ಕೈ ಚಾಚಿದರೆ ಗೋಡೆ ಹತ್ತುತ್ತದೆ, ಇಕ್ಕಳಕ್ಕೆ ಚಾಚಿದರೆ ಬೆಕ್ಕು ಸಿಗುತ್ತದೆ. ಒಂದು ಮುಂಜಾನೆ ಸುಟ್ಟ ಬೆರಳಿಗೆ ಊದಿಕೊಳ್ಳುತ್ತ ತಮ್ಮನ ಮನೆಗೇ ಬಂದುಬಿಟ್ಟಳು.

"ಯಾಕೋ, ನಿನಗ ಗೊತ್ತಿತ್ತಲ್ಲ ಆಕಿ ರೊಡ್ಡಿ ಅದಾಳಂತ? ಯಾಕ ಹೇಳಲಿಲ್ಲ?"

"ನೀವು ಬಣ್ಣಾ ಕೇಳಿದ್ರಿ, ಸಾಲಿ ಕೇಳಿದ್ರಿ, ಬಂಗಾರ ಎಷ್ಟ ಹಾಕ್ತೀರಿ ಅಂತ ಎರಡ ಸಲ ಕೇಳಿದ್ರಿ. ಕೈ ಯಾರ ಕೇಳಿದ್ರಿ?"

"ನಲವತ್ತ ವರ್ಷ ಆಳಿದ ಅಡಗಿಮನ್ಯಾಗ ಈಗ ನಾನ ರೊಡ್ಡಿ ಆದಂಗ ಆಗೇತ್ಯೋ. ಯಾವ ಸಾಮಾನಿಗೆ ಕೈ ಹಾಕಿದ್ರೂ ತಿರುವಾಮುರುವಾ!"

ಕಾಕಾ ಎಡಗೈಯಿಂದ ಮೀಸೆ ತಿರುವಿದ.

"ಹೊಸದಾಗಿ ಹಂಗ ಆಗ್ತೈತಿ ಅಕ್ಕಾ. ಒಂದೆರಡ ತಿಂಗಳು ತಡಿ, ರೂಢಿ ಆಗ್ತೈತಿ. ಆಗಲಿಲ್ಲಂದ್ರ ಕೈಗೆ ಬಟ್ಟಿ ಕಟ್ಟೂಣು."