ಸೌಂಡಣ್ಣನ ಬಜೆಟ್ಟು

ಸೌಂಡಣ್ಣ ಬಡಗಣಿ ಸೇತುವೆ ದಾಟಿದ್ದು ನಮ್ಮ ಮನೆಯಲ್ಲಿ ಮೊದಲು ಎಮ್ಮೆಗೆ ಗೊತ್ತಾಗುತ್ತಿತ್ತು. ಮೆಲುಕು ನಿಲ್ಲಿಸಿ ಒಂದು ಕಿವಿಯನ್ನು ಹೆದ್ದಾರಿಯ ಕಡೆ ತಿರುಗಿಸುತ್ತಿತ್ತು. ಆಮೇಲೆ ನಾಯಿ ಎದ್ದು ಕೂರುತ್ತಿತ್ತು. ನನ್ನ ಕಿವಿಗೆ ಬೀಳುವುದು ಕಡೆಗೆ. ಆಗಲೂ ಬೀಳುವುದು ಇಡೀ ಯಕ್ಷಗಾನ ಪದವಲ್ಲ, ಪದದ ಚೂರು: ನಾಲ್ಕು ಚಂಡೆ ಪೆಟ್ಟು, ಭಾಗವತರ ಅರ್ಧ ಆಲಾಪ. ಯಾವ ಪ್ರಸಂಗ ಎಂದು ನಾನು ತಲೆ ಕೆರೆದುಕೊಳ್ಳುವಷ್ಟರಲ್ಲಿ ಬೈಕು ಧಾರೇಶ್ವರದ ಕಡೆ ಹೋಗಿ ಆಗಿರುತ್ತಿತ್ತು. ಎಮ್ಮೆ ಮತ್ತೆ ಮೆಲುಕು ಶುರು ಮಾಡುತ್ತಿತ್ತು.

ಸೌಂಡಣ್ಣ ಎನ್ನುವುದು ಶಾಲೆ ಮಕ್ಕಳು ಇಟ್ಟ ಹೆಸರು. ರೇಶನ್ ಕಾರ್ಡಿನಲ್ಲಿ ಬೇರೆ ಇದೆ, ಅದು ಈಗ ಅವನ ಆಯಿಗೆ ಮಾತ್ರ ನೆನಪು. ನಮ್ಮ ಹಳದೀಪುರದವನೆಂದು ನಾನು ಹೇಳುತ್ತೇನೆ, ಆದರೆ ನೀವು ಹಾವೇರಿಯವರಾಗಲಿ ಹಾಸನದವರಾಗಲಿ, ಇವನನ್ನು ಕಂಡೇ ಇರುತ್ತೀರಿ. ಅಂಗಿ ಕಿಸೆಯಲ್ಲಿ ಪೆನ್ನಿನ ಜಾಗದಲ್ಲಿ ಟೆಸ್ಟರು. ತೋರುಬೆರಳಿನ ತುದಿಯಲ್ಲಿ ಸೋಲ್ಡರಿಂಗ್ ಕಡ್ಡಿ ಸುಟ್ಟ ಕಲೆ. ಪೆಟ್ರೋಲ್ ಟ್ಯಾಂಕು ವರ್ಷವಿಡೀ ರಿಸರ್ವಿನಲ್ಲಿ. ಸೈಡ್ ಕವರ್ ತೆಗೆದರೆ ಮಾತ್ರ ನಾಲ್ಕು ಬಣ್ಣದ ವಯರು ಕೋಳಿಯ ಕರುಳಿನ ಹಾಗೆ ಹೊರಗೆ ಬೀಳುತ್ತದೆ.

"ಮಾಸ್ತರ್ರೇ, ಬೈಕಿಗೆ ಸ್ಪೀಕರ್ ಕೂರಿಸುದು ಸಾವಿರದ ಐನೂರರ ಒಳಗೆ ಮುಗಿಸುದು. ಅದರ ಮೇಲೆ ಒಂದು ಪೈಸೆ ಹಾಕುದಿಲ್ಲ," ಎಂದು ಅವನು ನಮ್ಮ ಜಗಲಿಯಲ್ಲಿ ಕೂತು ಹೇಳಿದ ಮೇಲೆ ಮೂರು ಚೌತಿ ಕಳೆದಿವೆ. ಬಜೆಟ್ಟು ಈಗಲೂ ಸಾವಿರದ ಐನೂರೇ. ಪ್ರತಿ ಸಲ ಹೊಸದಾಗಿ.

ಅವನ ಅಪ್ಪನ ಕಾಲಕ್ಕೆ ಈ ತಾಪತ್ರಯ ಇರಲಿಲ್ಲ, ಗಾಡಿಯೇ ಹಾಡುತ್ತಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಹೊರಗೆ ಬಿಟ್ಟ ಜಾವಾ, ಅದರ ಬೆನ್ನಿಗೆ ಬಂದ ಯೆಜ್ದಿ, ಎರಡಕ್ಕೂ ಎಡಕ್ಕೊಂದು ಬಲಕ್ಕೊಂದು ಸೈಲೆನ್ಸರ್. ಹೊನ್ನಾವರದಲ್ಲಿ ಕಿಕ್ ಹೊಡೆದರೆ ಕರ್ಕಿಯಲ್ಲಿ ಚಾ ಸೋಸಿಡುತ್ತಿದ್ದರು ಎಂದು ಹಳಬರು ಹೇಳುತ್ತಾರೆ. ಹಳಬರ ಮಾತಿಗೂ ಒಂದು ಆಂಪ್ಲಿಫೈಯರ್ ಇರುತ್ತದೆ, ಇರಲಿ. 1985ರಲ್ಲಿ ಯಮಹಾ ಆರ್‌ಎಕ್ಸ್ 100 ಬಂತು. ಅದರ ಸದ್ದಿಗೆ ಈಗಲೂ ಕಣ್ಣು ಒದ್ದೆ ಮಾಡಿಕೊಳ್ಳುವ ಗಂಡಸರು ಈ ರಾಜ್ಯದಲ್ಲಿ ಇದ್ದಾರೆ. 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿತು, ಅದೇ ವರ್ಷ ಆರ್‌ಎಕ್ಸ್ 100 ಕೂಡ ನಿಂತಿತು. ಉಳಿದದ್ದು 1994ರಲ್ಲಿ ಹುಟ್ಟಿದ ಸ್ಪ್ಲೆಂಡರಿನ ವಂಶ. ಮೈಲೇಜು ಕೊಡುತ್ತದೆ, ಮಾತಾಡುವುದಿಲ್ಲ. ಸೌಂಡಣ್ಣನ ಪಾಲಿಗೆ ಬಂದದ್ದು ಅಂಥದ್ದೇ ಒಂದು, ಸೆಕೆಂಡ್ ಹ್ಯಾಂಡು.

ಆ ಮೌನವೇ ಅವನ ಜೀವ ತಿಂದಿತು.

ಒಂದು ದಿನ ಮೊಬೈಲಿನಲ್ಲಿ ಹೋಂಡಾ ಗೋಲ್ಡ್ ವಿಂಗಿನ ಚಿತ್ರ ತೋರಿಸಿದ. ಬೈಕೋ, ಸೋಫಾ ಸೆಟ್ಟೋ ತಿಳಿಯಲಿಲ್ಲ. "1833 ಸಿಸಿ, ಆರು ಸಿಲಿಂಡರು. ಸ್ಪೀಕರ್ ಕಂಪನಿಯವರೇ ಕೂರಿಸಿ ಕೊಡ್ತಾರೆ ಮಾಸ್ತರ್ರೇ."

"ಎಷ್ಟಂತೆ?"

"ನಲವತ್ತು ಲಕ್ಷದ ಹತ್ರ. ಅದನ್ನೇ ನಾ ಸಾವಿರದ ಐನೂರರಲ್ಲಿ ಮಾಡುದು."

ಮೊದಲ ಆಂಪ್ಲಿಫೈಯರ್ ಭಟ್ಕಳದ ಪೇಟೆಯಿಂದ ಬಂತು. ನಮ್ಮ ಕಡೆ ಸಾಮಾನು ಭಟ್ಕಳದಿಂದ ಬಂತೆಂದರೆ ದುಬೈಯಿಂದಲೇ ಬಂತೆಂದು ಲೆಕ್ಕ. ಪೆಟ್ಟಿಗೆಯ ಮೇಲೆ ಕೆಂಪು ಅಕ್ಷರದಲ್ಲಿ 1000 ವಾಟ್ ಎಂದಿತ್ತು. ನಾನು ಮೂವತ್ತು ವರ್ಷ ಗಣಿತ ಕಲಿಸಿದವ, ಬಾಯಿ ಸುಮ್ಮನಿರಲಿಲ್ಲ. "ತಮಾ, ನಿನ್ನ ಬ್ಯಾಟರಿ 12 ವೋಲ್ಟು, 3 ಆಂಪಿಯರ್ ಅವರ್. ಗುಣಿಸು. ಮೂವತ್ತಾರು. ಅಂದರೆ 36 ವಾಟ್ ಒಂದು ತಾಸು ಸಿಕ್ಕೀತು. ಇದು ನಿಜವಾಗಿ 1000 ವಾಟ್ ಎಳೆದರೆ ಎರಡು ನಿಮಿಷ ಹತ್ತು ಸೆಕೆಂಡಿಗೆ ಬ್ಯಾಟರಿ ಚುಕ್ತಾ. ವಯರಿನಲ್ಲಿ 83 ಆಂಪಿಯರ್ ಹರಿಯಬೇಕು, ನೀನು ಹಾಕಿದ್ದು ಐದು ಆಂಪಿಯರಿನ ಫ್ಯೂಸು."

ಅವನು ನನ್ನನ್ನು ಕರುಣೆಯಿಂದ ನೋಡಿದ. "ಅದು ಪಿಎಂಪಿಓ ವಾಟು ಮಾಸ್ತರ್ರೇ."

ಪಿಎಂಪಿಓ ಎಂದರೆ ಹೆಣ್ಣು ನೋಡಲು ಹೋದಾಗ ಹೇಳುವ ಸಂಬಳ. ಕೈಗೆ ಬರುವುದು ಬೇರೆ. ಮುಚ್ಚಳ ಬಿಚ್ಚಿ, ನನ್ನ ಕನ್ನಡಕ ಇಸಿದುಕೊಂಡು, ಒಳಗಿನ ಚಿಪ್ಪಿನ ಮೇಲಿನ ನಂಬರನ್ನು ಅವನೇ ಓದಿದ: ಟಿಡಿಎ 7297. ಒಂದೊಂದು ಸ್ಪೀಕರಿಗೆ 15 ವಾಟು, ಅದೂ ಹದಿನಾರು ವೋಲ್ಟಿನ ಮೇಲೆ ಸಿಕ್ಕಿದರೆ. ಹನ್ನೆರಡಕ್ಕೆ ಸುಮಾರು ಅದರ ಅರ್ಧ. ಸಾವಿರದಿಂದ ಏಳೆಂಟಕ್ಕೆ ಇಳಿದ ವಾಟನ್ನು ಅವನು ಒಂದು ಗಳಿಗೆ ಮೌನವಾಗಿ ನೋಡಿದ. ಆಮೇಲೆ, "ಹಾಗಾದ್ರೆ ಇದರ ದುಪ್ಪಟ್ಟಿನದು ತರುದು," ಅಂದ. ತಂದ. ವಾಟು ದುಪ್ಪಟ್ಟಾದರೆ ಸದ್ದು ಏರುವುದು ಮೂರೇ ಡೆಸಿಬೆಲ್, ಸಾರಿಗೆ ಇನ್ನೊಂದು ಚಿಟಿಕೆ ಉಪ್ಪು ಬಿದ್ದಷ್ಟು. ಕಿವಿಗೆ ಎರಡು ಪಟ್ಟು ಕೇಳಬೇಕೆಂದರೆ ವಾಟು ಸುಮಾರು ಹತ್ತು ಪಟ್ಟಾಗಬೇಕು. ಇದನ್ನು ಹೇಳಿದ ಮೇಲೆ ಅವನು ಒಂದು ವಾರ ನಮ್ಮ ಮನೆ ಕಡೆ ಬರಲಿಲ್ಲ.

ಬಂದಾಗ ಕಂಕುಳಲ್ಲಿ ಒಂದು ಹಲಸಿನ ಮಣೆ ಇತ್ತು, ನಡುವೆ ದುಂಡಗೆ ತೂತು. ಅವತ್ತು ಜಗಲಿಯಲ್ಲಿ ನಾನು ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮೂವತ್ತು ವರ್ಷದಲ್ಲಿ ಅಷ್ಟು ಚಂದದ ಪಾಠ ನಾನು ಮಾಡಿರಲಿಲ್ಲ. ನಾಲ್ಕಿಂಚಿನ ಸ್ಪೀಕರನ್ನು ಬರೀ ಕೈಯಲ್ಲಿ ಹಿಡಿದು ಸುಬ್ರಹ್ಮಣ್ಯ ಧಾರೇಶ್ವರರ ಪದ ಹಾಕಿದ. ಸೊಳ್ಳೆ ಹಾಡಿದ ಹಾಗಾಯಿತು. "ಈಗ ನೋಡಿ" ಎಂದು ಮಣೆಯನ್ನು ಸ್ಪೀಕರಿನ ಮುಖಕ್ಕೆ ಒತ್ತಿದ. ಎಲ್ಲಿ ಅಡಗಿತ್ತೋ, ಮದ್ದಲೆ ಎದ್ದು ಜಗಲಿಗೆ ಬಂತು. ಮಣೆ ತೆಗೆದ, ಮದ್ದಲೆ ಮಾಯ. ಒತ್ತಿದ, ಹಾಜರು. "ಸ್ಪೀಕರಿನ ಹಾಳೆ ಮುಂದೆ ಗಾಳಿ ತಳ್ಳುವಾಗ ಹಿಂದೆ ಎಳೀತದೆ. ಮುಂದಿಂದು ಹಿಂದಿಂದು ಸೇರಿದ್ರೆ ದಪ್ಪ ಸ್ವರ ಅಲ್ಲಲ್ಲೇ ಹೊಡೆದು ಹೋಗ್ತದೆ. ನಡುವೆ ಗೋಡೆ ಬೇಕು. ಅದಕ್ಕೇ ಪೆಟ್ಟಿಗೆ." ಅಣ್ಣತಮ್ಮಂದಿರ ಪಾಲು ಮಾಡಿದ ಹಾಗೆ ಹೇಳಿದ.

ಅಷ್ಟರಲ್ಲಿ ಅವನ ಆಯಿ ದಣಪೆಯ ಹತ್ತಿರ ಕಾಣಿಸಿಕೊಂಡರು. ಅದು ಚೌತಿಗೆ ಗಣಪತಿ ಕೂರಿಸುವ ಮಣೆಯಾಗಿತ್ತು.

"ಈ ವರ್ಷ ಗಣಪತಿ ಎಲ್ಲಿ ಕೂರುದಾ? ತೂತಿನಲ್ಲಿ?"

ಗೋಡೆ ಬೇಕೆಂದು ಗೊತ್ತಾದ ಮೇಲೆ ಗೋಡೆಯ ಹುಡುಕಾಟ. ಮೊದಲು ಮಡಕೆ. ಮಣ್ಣಿನ ಮಡಕೆಯ ಬಾಯಿಗೆ ಸ್ಪೀಕರ್ ಕೂರಿಸಿದರೆ ಸ್ವರಕ್ಕೆ ಬರುವ ತೂಕವೇ ಬೇರೆ, ಬಾವಿಕಟ್ಟೆಯ ಮೇಲೆ ಕೂತು ಭಾಗವತರು ಹಾಡಿದ ಹಾಗೆ. ಜಗಲಿಯಲ್ಲಿ ಕೇಳಿದವರೆಲ್ಲ ತಲೆದೂಗಿದರು. ಅವನು ಅದನ್ನು ಕತ್ತದ ಹಗ್ಗದಲ್ಲಿ ಬೈಕಿನ ಕ್ಯಾರಿಯರಿಗೆ ಬಿಗಿದು ಹೊರಟ. ಮೊದಲನೇ ಹಂಪಿನಲ್ಲಿ ಶಾರೀರ ಉಳಿಯಿತು, ಶರೀರ ಹೋಯಿತು.

ಆಮೇಲೆ ಪೈಪು. ಯಾರದೋ ಮನೆಯ ಪಾಯಖಾನೆಗೆ ತಂದು ಮಿಕ್ಕಿದ ನಾಲ್ಕಿಂಚಿನ ಪಿವಿಸಿ. ಸ್ಪೀಕರು ನಾಲ್ಕಿಂಚು, ಪೈಪು ನಾಲ್ಕಿಂಚು, ಲಗ್ನ ಕೂಡಿತೆಂದುಕೊಂಡ. ಪೈಪಿನ ಲೋಕದಲ್ಲಿ ನಾಲ್ಕಿಂಚೆಂದರೆ ಹೊರಗಿನ ಅಳತೆ 110 ಮಿಲಿಮೀಟರ್, ಸ್ಪೀಕರಿನ ಲೋಕದಲ್ಲಿ ನಾಲ್ಕಿಂಚು 102. ನಡುವಿನ ಸಂದಿಗೆ ಎಂಸೀಲ್ ಮೆತ್ತಿದ. ನಾಲ್ಕು ಪ್ಯಾಕೆಟ್ಟು. ಸ್ಪೀಕರಿಗಿಂತ ಎಂಸೀಲಿನ ಖರ್ಚು ಜಾಸ್ತಿಯಾಯಿತೆಂದು ನಾನು ಹೇಳಿದರೆ, ಎಂಸೀಲು ಮನೆ ರಿಪೇರಿ ಲೆಕ್ಕಕ್ಕೆ ಹೋಗಿದೆ ಅಂದ. ಸರ್ಕಾರದ ಬಜೆಟ್ಟೂ ಹೀಗೆಯೇ ಇರುತ್ತದೆಂದು ಕೇಳಿದ್ದೇನೆ.

ಪೈಪು ಕೂತಿತು, ಬೈಕು ಹೊರಟಿತು, ಪದ ಶುರುವಾಯಿತು. ಜೊತೆಗೆ ಯಾರೂ ಕರೆಯದ ಒಬ್ಬ ಹಿಮ್ಮೇಳದವನೂ ಬಂದ. 'ಕುಂಯ್...' ಎಂಬ ಒಂದು ಸ್ವರ. ಆಕ್ಸಿಲರೇಟರ್ ತಿರುಪಿದರೆ ಮೇಲೆ, ಬಿಟ್ಟರೆ ಕೆಳಗೆ. ಗಾಡಿಯ ಮ್ಯಾಗ್ನೆಟ್ ಕಾಯಿಲಿನಿಂದ ಬ್ಯಾಟರಿಗೆ ಹೋಗುವ ಕರೆಂಟಿನ ಏರಿಳಿತ ಸ್ಪೀಕರಿನಲ್ಲೂ ಇಣುಕುತ್ತದೆ, ಅಷ್ಟೇ. ಆದರೆ ಕೇಳುವವರ ಗತಿ? ಭಾಗವತರು ಒಂದೇ ಶ್ರುತಿಯಲ್ಲಿ ಹಾಡುತ್ತಿದ್ದಾರೆ, ಶ್ರುತಿಪೆಟ್ಟಿಗೆ ಗೇರು ಬದಲಿಸುತ್ತಿದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ತಾಲೂಕಿನಲ್ಲಿ, ಚಿಟ್ಟಾಣಿಯವರು ಕುಣಿದ ನೆಲದಲ್ಲಿ, ಇದನ್ನು ಸಹಿಸುವುದು ಹೇಗೆ? ನೆಗೆಟಿವ್ ವಯರನ್ನು ಚಾಸಿಗೆ ಕೊಡುವ ಬದಲು ನೆಟ್ಟಗೆ ಬ್ಯಾಟರಿಗೇ ಕೊಟ್ಟ, ಒಂದು ಚೋಕು, ಒಂದು ಕೆಪಾಸಿಟರ್ ಸೇರಿಸಿದ. ಆಮೇಲೆ ಮೂರನೇ ಗೇರಿನವರೆಗೆ ಶ್ರುತಿ ಶುದ್ಧ. ಟಾಪಿಗೆ ಹಾಕಿದರೆ ಮಾತ್ರ ಏರುತ್ತಿತ್ತು. ಟಾಪಿನಲ್ಲಿ ಹೇಗೂ ಗಾಳಿಯ ಸದ್ದಿಗೆ ಏನೂ ಕೇಳುತ್ತಿರಲಿಲ್ಲವಂತೆ.

ಇಲ್ಲಿಗೇ ಬರಬೇಕೆಂದಿದ್ದೆ. ಸೌಂಡಣ್ಣನಿಗೆ ತನ್ನ ಸೌಂಡು ಕೇಳುವುದಿಲ್ಲ.

ಅರವತ್ತರ ವೇಗದಲ್ಲಿ ಹೆಲ್ಮೆಟ್ಟಿನೊಳಗೆ ಗಾಳಿಯೇ ಒಂದು ಜಾತ್ರೆ. ಅದನ್ನು ಮೀರಿ ನಾಲ್ಕಿಂಚಿನ ಸ್ಪೀಕರ್ ಕೂಗಿ ಕರೆದರೂ ಸವಾರನ ಕಿವಿಗೆ ತಲುಪುವುದು ಪಕ್ಕದ ಊರಿನ ಆಟದಷ್ಟು. ಆ ಪೈಪನ್ನು ಸಂಪೂರ್ಣ ಅನುಭವಿಸುವವರು ದಾರಿಬದಿಯವರು: ಬಸ್ಸಿಗೆ ಕಾಯುವವರು, ಮೀನು ಬುಟ್ಟಿ ಇಳಿಸಿ ಕೂತವರು, ನಮ್ಮ ಎಮ್ಮೆ. ಒಂದು ದಿನ ನಾನೇ ಹೇಳಿದೆ: "ತಮಾ, ಹೆಲ್ಮೆಟ್ಟಿನ ಒಳಗೆ ಕೂರಿಸುವ ಬ್ಲೂಟೂತ್ ಸ್ಪೀಕರ್ ಬರ್ತದಂತೆ. ಒಂದು ಸಲ ಖರ್ಚು, ನಿನಗೂ ಸರಿಯಾಗಿ ಕೇಳ್ತದೆ. ಈ ವಯರು, ಪೈಪು, ಎಂಸೀಲು ಯಾವುದೂ ಬೇಡ."

ಅವನ ಮುಖ ಸಣ್ಣದಾಯಿತು. "ಅದು ನನಗೆ ಒಬ್ಬನಿಗೇ ಕೇಳುದಲ್ಲ ಮಾಸ್ತರ್ರೇ!"

ಅವನು ಹಾಡು ಕೇಳುವವನಲ್ಲ, ಬಡಿಸುವವನು. ಊರಿನ ಸಮಾರಾಧನೆಯಲ್ಲಿ ಕಡೆಯ ಪಂಕ್ತಿಯವರೆಗೆ ಪಾಯಸ ಮುಟ್ಟಿತೋ ಇಲ್ಲವೋ ಎಂದು ಓಡಾಡುವವರು ಇರುತ್ತಾರಲ್ಲ, ತಾವು ಉಂಡಿರುವುದಿಲ್ಲ, ಆ ಜಾತಿ. ವ್ಯತ್ಯಾಸ ಇಷ್ಟೇ: ಪಾಯಸ ಬೇಡವಾದರೆ ಎಲೆಯ ಮೇಲೆ ಕೈ ಅಡ್ಡ ಹಿಡಿಯಬಹುದು.

ಹಾಗೆಂದು ಅವನು ಪೂರ್ತಿ ಕಾನೂನು ಮೀರಿದವನಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದೆಂಬ 2000ನೇ ಇಸವಿಯ ನಿಯಮ ಅವನಿಗೆ ಬಾಯಿಪಾಠ. ಅದರಿಂದಲೇ ಬೆಳಗಿನವರೆಗಿನ ಆಟ ಹೋಗಿ ಕಾಲಮಿತಿ ಆಟ ಬಂದದ್ದು ಎಂಬ ಸಿಟ್ಟೂ ಇದೆ. ಆದರೆ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್ ಎಂದು ಅದೇ ನಿಯಮ ಹೇಳುತ್ತದೆಂದು ನೆನಪಿಸಿದರೆ, "ಅದು ನಿಂತ ಮೈಕಿಗೆ, ನಾ ಓಡುವವ" ಎನ್ನುತ್ತಾನೆ. ಈ ವಾದ ಯಾವ ನ್ಯಾಯಾಧೀಶರ ಮುಂದೆ ನಿಲ್ಲುತ್ತದೋ ಕಾಣೆ.

ಪೊಲೀಸರು ಮಾಡದ ಕೆಲಸವನ್ನು ಮಳೆ ಮಾಡಿತು. ಜೂನ್ ಮೊದಲ ವಾರ ಸ್ಪೀಕರಿನ ಕಾಗದಕ್ಕೆ ನೀರು ತಾಗಿ ಭಾಗವತರಿಗೆ ನೆಗಡಿ ಹಿಡಿಯಿತು. ಹಾಲಿನ ತೊಟ್ಟೆ ಕತ್ತರಿಸಿ ಮುಖಕ್ಕೆ ಕಟ್ಟಿದ. ನೆಗಡಿ ಇಳಿಯಿತು, ಕಂಬಳಿ ಹೊದ್ದು ಹಾಡಿದ ಹಾಗಾಯಿತು. ಅದರ ಮೇಲೆ ನಮ್ಮ ಕಡಲಿನ ಉಪ್ಪುಗಾಳಿ. ಎರಡು ತಿಂಗಳಿಗೆ ತಾಮ್ರದ ವಯರಿನ ತುದಿಗೆಲ್ಲ ಹಸಿರು ಕಿಲುಬು, ಮುಟ್ಟಿದರೆ ಪುಡಿ. ಸ್ವರ ಬಿಟ್ಟು ಬಿಟ್ಟು ಬರತೊಡಗಿತು, ಫ್ಯೂಸು ವಾರಕ್ಕೆರಡು ಹಾರತೊಡಗಿತು. ಫ್ಯೂಸಿಗೆ ಹತ್ತು ರೂಪಾಯಿ. ಮೂರು ವರ್ಷದಲ್ಲಿ ಅವನು ಉಳಿತಾಯ ಮಾಡಿದ್ದು ಅದೊಂದರಲ್ಲೇ ಇರಬೇಕು: ಫ್ಯೂಸಿನ ಜಾಗಕ್ಕೆ ವಯರಿನಿಂದ ತಾಮ್ರದ ಎರಡು ಎಳೆ ಕಿತ್ತು ಸುತ್ತಿದ.

ತಾಮ್ರ ಹಾರಲಿಲ್ಲ. ನಿಷ್ಠೆಯಿಂದ ನಿಂತಿತು. ಹೋದದ್ದು ಹೆಡ್‌ಲೈಟಿನಿಂದ ಹಿಂದಿನ ಇಂಡಿಕೇಟರಿನವರೆಗಿನ ಇಡೀ ವಯರಿಂಗ್ ಕಿಟ್ಟು. ಪೇಟೆಯ ನಡುವೆ ಸೀಟಿನ ಕೆಳಗಿನಿಂದ ಹೊಗೆ ಎದ್ದಾಗಲೂ ಪದ ನಿಂತಿರಲಿಲ್ಲವಂತೆ. ಅದನ್ನು ಅವನು ಹೆಮ್ಮೆಯಿಂದ ಹೇಳಿದ. ಹೊಸ ಕಿಟ್ಟು, ಮೆಕ್ಯಾನಿಕ್ಕಿನ ಮಜೂರಿ ಸೇರಿ ಎಷ್ಟೆಂದು ಕೇಳಿದೆ. "ಒಂದು ಬಜೆಟ್ಟಿಗಿಂತ ಸ್ವಲ್ಪ ಮೇಲೆ," ಅಂದ.

ಈಗ ಬೈಕು ಅವರ ಜಗಲಿಯಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ನಿಂತಿದೆ. ಸ್ಟಾರ್ಟ್ ಆಗುವುದಿಲ್ಲ, ಆದರೆ ಹಾಡುತ್ತದೆ. ಆಂಪ್ಲಿಫೈಯರನ್ನು ಬ್ಯಾಟರಿಗೆ ನೆಟ್ಟಗೆ ಕೊಟ್ಟು, ಬ್ಯಾಟರಿಯನ್ನು ಚಾರ್ಜರಿಗೆ ಸಿಕ್ಕಿಸಿದ್ದಾನೆ. ಕರೆಂಟ್ ಹೋದರೂ ಒಂದು ತಾಸು ನಡೆಯುತ್ತದೆ, ನಮ್ಮ ಮಳೆಗಾಲದಲ್ಲಿ ಅದು ಸಣ್ಣ ಉಪಕಾರವಲ್ಲ. ಸಂಜೆ ಆಯಿ ಅದರ ಹತ್ತಿರ ಕೂತು ಅಡಿಕೆ ಸುಲಿಯುತ್ತಾ ಆಕಾಶವಾಣಿ ಕೇಳುತ್ತಾರೆ. ಸ್ಟೇಷನ್ ಸರಿಯಿಲ್ಲದಿದ್ದರೆ ಹ್ಯಾಂಡಲಿನ ಹತ್ತಿರದ ಗುಬ್ಬಿ ತಿರುಪುವುದು ಕಲಿತಿದ್ದಾರೆ. ಗಣಪತಿಯ ಮಣೆಯ ಮಾತು ತೆಗೆಯುವುದು ಕಮ್ಮಿಯಾಗಿದೆ.

ಸೌಂಡಣ್ಣ ಕೆಲಸಕ್ಕೆ ಟೆಂಪೋದಲ್ಲಿ ಹೋಗುತ್ತಾನೆ. ಮೊನ್ನೆ ಹೊನ್ನಾವರಕ್ಕೆ ಹೋಗುವಾಗ ನನಗೆ ಪಕ್ಕದಲ್ಲೇ ಸಿಕ್ಕಿದ, ಡ್ರೈವರಿನ ಬೆನ್ನಿಗೆ. ಟೆಂಪೋ ತುಂಬಿ ಕಂಡಕ್ಟರ್ ಬಾಗಿಲಿಗೆ ನೇತಾಡುತ್ತಿದ್ದ, ತಲೆಯ ಮೇಲೆ ಎರಡು ಹಳೆಯ ಡಬ್ಬಿ ಸ್ಪೀಕರು ಯಾವುದೋ ಸಿನಿಮಾ ಹಾಡು ಹೇಳುತ್ತಿದ್ದವು. ಅವನು ಮಾತು ನಿಲ್ಲಿಸಿ ತಲೆ ವಾರೆ ಮಾಡಿದ, ನಮ್ಮ ಎಮ್ಮೆ ಮಾಡುವ ಹಾಗೆ. ಕರ್ಕಿ ಬಂತು. ಮುಂದೆ ಬಗ್ಗಿ ಡ್ರೈವರಿನ ಹೆಗಲು ಮುಟ್ಟಿದ.

"ಅಣ್ಣಾ, ನಿಮ್ಮ ಎಡಗಡೆ ಸ್ಪೀಕರಿನ ವಯರು ಉಲ್ಟಾ ಕೊಟ್ಟಿದ್ದಾರೆ. ಪ್ಲಸ್ಸು ಮೈನಸ್ಸು ಬದಲಿಸಿದ್ರೆ ಮದ್ದಲೆ ಬರ್ತದೆ."

"ಹದಿನೈದು ವರ್ಷದಿಂದ ಹಾಗೇ ಅದೆ ಮಾರಾಯಾ, ಯಾರೂ ಹೇಳಲಿಲ್ಲ."

"ಖರ್ಚೇನಿಲ್ಲ," ಎಂದು ಸೌಂಡಣ್ಣ ಕಿಸೆಯಿಂದ ಟೆಸ್ಟರ್ ತೆಗೆದ. "ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಲ್ಲಿಸ್ತೀರಾ?"